ಮೇಂಟೇನ್ ಸಾಹೇಬರಿಗೊಂದು ಬಹಿರಂಗ ಪತ್ರ

ಮಾನ್ಯ ಮೇಂಟೇನ್ ಸಾಹೇಬರ ಸಮ್ಮುಖಕ್ಕೆ,

ಬೀದರ ತಾಲ್ಲೂಕು ಅಷ್ಟೂರಿನ ಕಾಯಂ ರಹವಾಸಿಯೊಬ್ಬನ ಶರಣು ಮತ್ತು ಸಲಾಂ. ಎರಡನ್ನೂ ಒಂದೇ ಉಸಿರಿಗೆ ಹೇಳುವುದು ಈ ಊರಿನ ರಿವಾಜು, ಅನ್ಯಥಾ ಭಾವಿಸಬಾರದು.

ವಿಷಯ: ತಾವು ಹೆಚ್ಚುವರಿ ಪ್ರಭಾರದಲ್ಲಿ ನೋಡಿಕೊಳ್ಳುತ್ತಿರುವ ಹುದ್ದೆಗಳ ಬಗ್ಗೆ ಸ್ಪಷ್ಟೀಕರಣ ಕೋರಿ.

ತಾವು ಈ ಸೀಮೆಗೆ ತಡವಾಗಿ ವರ್ಗವಾಗಿ ಬಂದವರು. 1948ರವರೆಗೆ ಇಲ್ಲಿ ನಿಜಾಮರ ಆಡಳಿತ, ಕಚೇರಿಯ ಭಾಷೆ ಉರ್ದು. ಆಗ ನಮ್ಮ ಹಿರಿಯರು ಹೊಲಮನಿ ಸಂಭಾಳಿಸುತ್ತಿದ್ದರು, ದನ ಸಾಕುತ್ತಿದ್ದರು, ಬೆಳೆ ಕಾಯುತ್ತಿದ್ದರು, ಕೂಸನ್ನು ಜೋಪಾನ ಮಾಡುತ್ತಿದ್ದರು, ಬೀಗರ ಜೊತೆ ಬಳಕೆ ಇಟ್ಟುಕೊಳ್ಳುತ್ತಿದ್ದರು. ಒಂದೊಂದು ಕೆಲಸಕ್ಕೆ ಒಂದೊಂದು ಮಾತು, ಬಡವರ ಮನೆಯಲ್ಲೂ ಮಾತಿಗೆ ಬರ ಇರಲಿಲ್ಲ. ಈಗ ಅಷ್ಟೂ ಕುರ್ಚಿಗಳ ಮೇಲೆ ತಾವೊಬ್ಬರೇ ಕೂತಿದ್ದೀರಿ. ಗಾಡಿ ಮೇಂಟೇನ್, ಬಾಡಿ ಮೇಂಟೇನ್, ಹಾಜರಿ ರಜಿಸ್ಟರ್ ಮೇಂಟೇನ್. ಗಾಂಧಿ ಗಂಜ್‌ನ ಅಡತಿಯಲ್ಲಿ ತೊಗರಿ ತಂದವನಿಗೆ "ರೇಟ್ ಮೇಂಟೇನ್ ಆಗವಲ್ದು" ಎಂಬ ಉತ್ತರ. ಸೊಸೆ ತವರಿಗೂ ಅತ್ತೆಮನೆಗೂ ಸರಿತೂಗಿಸಿಕೊಂಡು ಹೋದರೆ "ಎಲ್ಲಾ ಚಲೋ ಮೇಂಟೇನ್ ಮಾಡ್ಯಾಳ" ಎಂಬ ಸರ್ಟಿಫಿಕೇಟು. ಇನ್ನು ಯಾರಾದರೂ ಆಚೀಚೆ ನೋಡಿ, ದನಿ ತಗ್ಗಿಸಿ, "ಅಂವ ಭಾಲ್ಕಿಯಾಗ ಒಬ್ಬಾಕಿನ್ನ ಮೇಂಟೇನ್ ಮಾಡ್ಲತ್ಯಾನ" ಎಂದರೆ, ಅಲ್ಲಿ ತಾವು ನಿಭಾಯಿಸುವ ಜವಾಬ್ದಾರಿಯೇ ಬೇರೆ. ಇದಕ್ಕೆ ಹಿಂದೆ ಒಂದು ಒರಟು ಕನ್ನಡ ಮಾತಿತ್ತು. ತಾವು ಬಂದ ಮೇಲೆ ವ್ಯವಹಾರ ಅದೇ ಇದ್ದು ಮರ್ಯಾದೆ ಮಾತ್ರ ಹೆಚ್ಚಾಯಿತು, ಅದಕ್ಕೆ ಸಂಬಂಧಪಟ್ಟವರು ಋಣಿಗಳು.

ಒಂದು ಸೂಕ್ಷ್ಮವನ್ನು ಮಾತ್ರ ಮುಚ್ಚಿಡಲಾಗದು. ಕನ್ನಡದಲ್ಲಿ ತಾವು ಒಂಟಿಯಾಗಿ ಒಂದು ಹೆಜ್ಜೆಯನ್ನೂ ಇಡಲಾರಿರಿ. 'ಮೇಂಟೇನಿಸಿದನು' ಎಂದು ಯಾರೂ ಅನ್ನುವುದಿಲ್ಲ. ಪಕ್ಕದಲ್ಲಿ ನಮ್ಮ 'ಮಾಡು', ಇಲ್ಲವೇ ಅಪರೂಪಕ್ಕೆ 'ಆಗು', ನಿಂತರೇ ತಮಗೆ ಕಾಲ, ಲಿಂಗ, ವಚನ ಎಲ್ಲ. ಮಾಡುವುದೆಲ್ಲ 'ಮಾಡು', ಹೆಸರು ತಮ್ಮದು. ಸರ್ಕಾರಿ ಕಚೇರಿ ಕಂಡವರಿಗೆ ಇದೇನೂ ಹೊಸದಲ್ಲ ಬಿಡಿ.

ತಮ್ಮ ವಂಶಾವಳಿಯನ್ನೂ ನೋಡಿದ್ದೇನೆ. ಇಂಗ್ಲಿಷಿಗೆ ಫ್ರೆಂಚಿನಿಂದ ಬಂದವರು, ಮೂಲ ಮನೆ ಲ್ಯಾಟಿನ್. ಅಲ್ಲಿ 'ಕೈ' ಮತ್ತು 'ಹಿಡಿ' ಎಂಬ ಎರಡು ಮಾತು ಕೂಡಿ ತಾವು ಹುಟ್ಟಿದಿರಿ. ಕೈಯಲ್ಲಿ ಹಿಡಿದಿರುವುದು ತಮ್ಮ ಹುಟ್ಟುಗುಣ. ನಮ್ಮ ಊರಲ್ಲಿ ಆ ಗುಣವನ್ನು ಎಲ್ಲಿ ತೋರಿಸಿದಿರಿ, ಎಲ್ಲಿ ಮರೆತಿರಿ ಎಂಬುದೇ ಈ ಪತ್ರದ ತಕರಾರು.

ಊರ ಪಕ್ಕದಲ್ಲೇ ಬಹಮನಿ ಸುಲ್ತಾನರ ಗುಂಬಜುಗಳು ಸಾಲಾಗಿ ನಿಂತಿವೆ. ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಅಹಮದ್ ಶಾಹ ವಲಿ 1436ರಿಂದ ಇಲ್ಲೇ ಮಲಗಿದ್ದಾನೆ. ಹೊರಗಿನಿಂದ ಅವನ ಗುಂಬಜ್ ಸಾದಾ ಸೀದಾ. ಒಳಗೆ ಕತ್ತಲು. ಬಾಗಿಲಲ್ಲಿ ಕನ್ನಡಿ ಹಿಡಿದು ಬಿಸಿಲನ್ನು ಮೇಲಕ್ಕೆ ತಿರುಗಿಸಿದರೆ ಮಾತ್ರ ಛಾವಣಿ ಎಚ್ಚರಾಗುತ್ತದೆ: ಕುಂಕುಮಗೆಂಪು, ನೀಲಿ, ಬಂಗಾರದ ಬಣ್ಣ, ನಡುನಡುವೆ ಅಕ್ಷರಗಳ ಬಳ್ಳಿ. ಬಿಸಿಲಿನ ತುಂಡು ಸರಿದಲ್ಲೆಲ್ಲ ಬಣ್ಣ ಸರಿಯುತ್ತದೆ, ಕೈ ನಡುಗಿದರೆ ಅದೂ ನಡುಗುತ್ತದೆ. ಕೆಳಗಿನ ಗೋಡೆಯ ಕಥೆ ಬೇರೆ. ಸಂರಕ್ಷಿತ ಸ್ಮಾರಕವನ್ನು ಕೆಡಿಸಿದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಎಂದು 2010ರಲ್ಲಿ ತಿದ್ದುಪಡಿಯಾದ ಸ್ಮಾರಕಗಳ ಕಾಯ್ದೆ ಹೇಳುತ್ತದೆ. ಆದರೂ ಇಂಥ ಗೋಡೆ ಸಿಕ್ಕಲ್ಲೆಲ್ಲ ಪ್ರೇಮಿಗಳು ಹೃದಯ ಕೆತ್ತಿ ತಮ್ಮ ಸಂಬಂಧವನ್ನು ಮೇಂಟೇನ್ ಮಾಡುತ್ತಲೇ ಇದ್ದಾರೆ.

ಇದೇ ಸಾಲಿನಲ್ಲಿ ಬಹಮನಿ ಸುಲ್ತಾನ ಹುಮಾಯೂನನ ಗುಂಬಜಿದೆ. 1458ರಿಂದ 1461ರವರೆಗೆ ಮೂರೇ ವರ್ಷ ಆಳಿ 'ಜಾಲಿಮ್', ಅಂದರೆ ಕ್ರೂರಿ, ಎಂಬ ಬಿರುದು ಗಳಿಸಿದವನು. ಸಿಡಿಲು ಬಡಿದು ಗುಂಬಜ್ ಸೀಳಿತೆಂದು ಹೇಳುತ್ತಾರೆ, ಮಾಡಿದ್ದುಣ್ಣೋ ಮಹರಾಯ ಎಂದು ಅದಕ್ಕೆ ಸೇರಿಸುವವರೂ ಇದ್ದಾರೆ. ಈಗ ಅರ್ಧ ಉದುರಿ ಅರ್ಧ ನಿಂತಿದೆ, ಕೊಯ್ದಿಟ್ಟ ಕಲ್ಲಂಗಡಿಯ ಹಾಗೆ ಗೋಡೆಯ ದಪ್ಪವೆಲ್ಲ ಕಾಣುತ್ತದೆ. ಇಲ್ಲಿ ತಮ್ಮ ಪ್ರತಿಭೆಗೆ ನಾನು ನಿಜಕ್ಕೂ ತಲೆಬಾಗುತ್ತೇನೆ. ಬಿದ್ದದ್ದನ್ನು ಎಬ್ಬಿಸಿಲ್ಲ, ನಿಂತದ್ದನ್ನು ಬೀಳಗೊಟ್ಟಿಲ್ಲ. ಅರ್ಧ ಬಿದ್ದ ಸ್ಥಿತಿಯನ್ನೇ ಮೇಂಟೇನ್ ಮಾಡಿದ್ದೀರಿ! ಹೊಸ ಸಿಮೆಂಟಿನ ಗುಂಬಜ್ ಕಟ್ಟಿ ಬಣ್ಣ ಹೊಡೆಸುವುದಕ್ಕಿಂತ ಇದು ಸಾವಿರ ಪಾಲು ಮೇಲು. ಬೀದರ ಪೇಟೆಯಲ್ಲೂ ಹೀಗೇ. ಬಹಮನಿ ಮಂತ್ರಿ ಮಹಮೂದ್ ಗಾವಾನ 1472ರಲ್ಲಿ ಕಟ್ಟಿಸಿದ ಮದರಸಾದ ಒಂದು ಪಕ್ಕ 1696ರಲ್ಲಿ ಮದ್ದಿನ ಸ್ಫೋಟಕ್ಕೆ ಹಾರಿಹೋಯಿತು, ಉಳಿದ ಮಿನಾರು ಇಂದಿಗೂ ಒಂಟಿಯಾಗಿ ನಿಂತಿದೆ.

ಕೊನೆಕೊನೆಯ ಸುಲ್ತಾನರ ಗೋರಿಗಳು ಮಾತ್ರ ಸಣ್ಣವಾಗುತ್ತ ಹೋಗಿವೆ. ತಮ್ಮದೇ ಮಂತ್ರಿಗಳಾದ ಬರೀದರ ಕೈಗೊಂಬೆಗಳಾಗಿದ್ದವರಿಗೆ ಸಿಂಹಾಸನ ಮೇಂಟೇನ್ ಮಾಡುವುದೇ ಸಾಕಾಗಿತ್ತು, ಗುಂಬಜಿಗೆ ಎಲ್ಲಿಯ ಗ್ರಾಂಟು?

ಈಗ ಒಂದು ಗುಟ್ಟು ಕೇಳಬೇಕು. ಇಂಗ್ಲಿಷಿನಲ್ಲಿ ತಮಗೆ ಇನ್ನೊಂದು ಅರ್ಥವುಂಟಲ್ಲ, ಹೇಳಿದ್ದನ್ನೇ ಬಿಡದೆ ಸಾಧಿಸುವುದು? ಅದನ್ನೇಕೆ ಇತ್ತ ತರಲಿಲ್ಲ? ತಂದಿದ್ದರೆ ಅಷ್ಟೂರಿನಲ್ಲಿ ಒಳ್ಳೆಯ ಪೋಸ್ಟಿಂಗ್ ಇತ್ತು. ಅಹಮದ್ ಶಾಹನ ಗುಂಬಜಿನೊಳಗೆ ಮಲಗಿರುವವನು ಸೂಫಿ ವಲಿ ಎಂದು ಮುಸ್ಲಿಮರು, ಸಾಕ್ಷಾತ್ ಅಲ್ಲಮಪ್ರಭುವಿನ ಅವತಾರ ಎಂದು ಲಿಂಗಾಯತರು. ಉರುಸಿನ ದಿನವನ್ನು ಗೊತ್ತು ಮಾಡುವುದು ಹಿಜರಿ ಲೆಕ್ಕದಿಂದಲ್ಲ, ಹಿಂದೂ ಪಂಚಾಂಗದಿಂದ. ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಪರಿವಾರದೊಡನೆ ಬಂದು ಶಂಖ ಊದಿ, ತೆಂಗು ಒಡೆದು, ಹೂವು ಏರಿಸಿದರೇ ಜಾತ್ರೆಗೆ ಜಾತ್ರೆಯ ಕಳೆ. ಇಬ್ಬರೂ ತಂತಮ್ಮ ಮಾತನ್ನು ಸಾಧಿಸುತ್ತಾರೆ, ಒಂದೇ ಬಾಗಿಲಲ್ಲಿ ನುಗ್ಗುತ್ತಾರೆ. ಟಿವಿಯ ಚರ್ಚೆಗೆ ಈ ಪ್ರಕರಣದಿಂದ ಏನೂ ಗಿಟ್ಟುವುದಿಲ್ಲ.

ತಾವು ಮರೆತ ಜಾಗಕ್ಕೆ ಬರುತ್ತೇನೆ. ನೌಬಾದಿನ ಕಡೆ ಭೂಮಿಯೊಳಗೆ ಕಾರೇಜ್ ಇದೆ, ನಮ್ಮವರು ಸುರಂಗ ಬಾವಿ ಅನ್ನುತ್ತಾರೆ. ಕೆಮ್ಮಣ್ಣಿನ ಜಂಬಿಟ್ಟಿಗೆ ಕೊರೆದು, ನೆಲದಡಿಯ ನೀರನ್ನು ಸಣ್ಣ ಇಳಿಜಾರಿನಲ್ಲಿ ತಾನೇ ಹರಿದುಬರುವಂತೆ ಮಾಡಿದ ಬಹಮನಿ ಕಾಲದ ಏರ್ಪಾಡು. ಗಾಳಿಗೆ ಮತ್ತು ಹೂಳೆತ್ತಲು ಅಲ್ಲಲ್ಲಿ ಬಾವಿಬಾಯಿ. ಪಂಪು ಬೇಡ, ಕರೆಂಟು ಬೇಡ. ಬೇಕಾದದ್ದು ಆಗಾಗ ಇಳಿದು ಹೂಳು ಬಳಿಯುವ ಕೈ, ಅಂದರೆ ತಮ್ಮ ಮೂಲ ಕೈ. ಕೊಳವೆಬಾವಿ ಬಂದ ಮೇಲೆ ಆ ಕೈ ಮೇಲೆ ಬಂತು, ಬಾವಿಬಾಯಿಗೆ ಕಸ ಇಳಿಯಿತು. ಬೀದರ ಐತಿಹಾಸಿಕ ನಗರದ ಹೆಸರು 2014ರ ವಿಶ್ವ ಸ್ಮಾರಕಗಳ ನಿಗಾ ಪಟ್ಟಿಯಲ್ಲಿ ಬಂತು, ಅದರ ಆಸುಪಾಸಿನಲ್ಲಿ ಹೂಳೆತ್ತುವ ಕೆಲಸವೂ ನಡೆಯಿತು. ಜಗತ್ತು ನೋಡುತ್ತಿದೆ ಎಂದು ಗೊತ್ತಾದಾಗ ತಾವು ಎದ್ದು ಕೂರುತ್ತೀರಿ.

ಕೋರ್ಟಿನಲ್ಲಿ ತಾವು ನಾಮಪದದ ಕೋಟು ತೊಟ್ಟು 'ಮೇಂಟೆನನ್ಸ್' ಆಗುತ್ತೀರಿ, ಕನ್ನಡದಲ್ಲಿ ಜೀವನಾಂಶ. 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಹಡೆದವರೂ ಮಕ್ಕಳ ಮೇಲೆ ಅರ್ಜಿ ಹಾಕಬಹುದು, ತಿಂಗಳಿಗೆ ಗರಿಷ್ಠ 10,000 ರೂಪಾಯಿ. ಬುಲೆಟ್ ಗಾಡಿಯನ್ನು ಕನ್ನಡಿಯಂತೆ ಇಟ್ಟುಕೊಂಡ ಮಗನ ಮೇಲೆ ಅವ್ವ ಮೇಂಟೆನನ್ಸ್ ಕೇಳಬೇಕಾಗಿ ಬಂದರೆ, ಮನೆಯೊಳಗಿದ್ದ 'ನೋಡಿಕೊಳ್ಳು' ಎಂಬ ಬಡಪಾಯಿ ಮಾತು ಎಲ್ಲಿಗೆ ವರ್ಗವಾಯಿತು ಎಂದು ತಾವೇ ಹೇಳಬೇಕು.

ಕೊನೆಗೆ ನನ್ನ ಸ್ವಂತ ಅಹವಾಲು. ನನ್ನದು ಮಣ್ಣಿನ ಮಾಳಿಗೆ, ಮನೆ ಇರುವುದು ಗುಂಬಜಿನ ನೂರು ಮೀಟರಿನೊಳಗೆ. ಅಲ್ಲಿ ಹೊಸದಾಗಿ ಏನೂ ಕಟ್ಟುವಂತಿಲ್ಲ, ಸರಿ. ಸೋರುವ ಮಾಳಿಗೆಗೆ ಮಣ್ಣು ಹಾಕಿಸಲು ಹೋದರೆ, "ಇದು ರಿಪೇರಿ ಆಗ್ತದ, ಪರ್ಮಿಷನ್ ತಗೊಂಡು ಬರ್ರಿ" ಅಂದರು ಕಚೇರಿಯವರು. "ಮೇಂಟೆನನ್ಸ್ ಅಂತ ಬರಕೊಳ್ರಿ ಸಾಹೇಬ್ರ" ಎಂದು ತಮ್ಮ ಹೆಸರು ಹೇಳಿ ನೋಡಿದೆ, ನಡೆಯಲಿಲ್ಲ. ಹಟ ಹಿಡಿದು ಆ ಸ್ಮಾರಕಗಳ ಕಾಯ್ದೆಯನ್ನೇ ಓದಿಸಿಕೊಂಡೆ. ಅದರ ವ್ಯಾಖ್ಯೆಯಲ್ಲಿ ತಮ್ಮ ಹೆಸರು ಖಂಡಿತ ಇದೆ. ಚರಂಡಿ, ಸಾರ್ವಜನಿಕ ಪಾಯಖಾನೆ, ನೀರು ಸರಬರಾಜು, ಕರೆಂಟು, ಇವುಗಳ ನಿರ್ಮಾಣವೂ ಮೇಂಟೆನನ್ಸೂ ಅಲ್ಲಿ 'ಕಟ್ಟಡ ಕಟ್ಟುವುದು' ಎಂಬ ಲೆಕ್ಕಕ್ಕೆ ಬರುವುದೇ ಇಲ್ಲ. ಇಷ್ಟು ದೊಡ್ಡ ಸಾಹೇಬರಿಗೆ ಚರಂಡಿಯ ಚಾರ್ಜು ಸಿಕ್ಕು ನನ್ನ ಮಾಳಿಗೆಯದು ತಪ್ಪಿತಲ್ಲ ಎಂದು ಕೆಡುಕೆನಿಸಿತು.

ಆದ್ದರಿಂದ ಕೋರುವುದೇನೆಂದರೆ, ನನ್ನ ಮಾಳಿಗೆಯನ್ನು ಚರಂಡಿ ಎಂದು ಘೋಷಿಸಲು ತಮ್ಮ ಕಡೆಯಿಂದ ಒಂದು ಶಿಫಾರಸು ಪತ್ರ ದಯಪಾಲಿಸಬೇಕು. ಮಳೆಗಾಲದಲ್ಲಿ ನೀರು ಹರಿಯುವ ವಿಷಯದಲ್ಲಿ ಅದು ಊರ ಚರಂಡಿಗಿಂತ ಒಂದು ಕೈ ಮೇಲು, ಪಂಚನಾಮೆಗೆ ಯಾರು ಬಂದರೂ ತೋರಿಸುತ್ತೇನೆ. ಕೊಡೆ ಮಾತ್ರ ಅವರೇ ತರಬೇಕು. ಮಿರಗದ ಮಳೆಗೆ ಮೊದಲು ಪತ್ರ ಕೈಸೇರಿದರೆ ಅನುಕೂಲ.

ತಮ್ಮ ವಿಶ್ವಾಸಿ,
ಅಷ್ಟೂರಿನ ಒಬ್ಬ ರಹವಾಸಿ

ಪ್ರತಿ: ಮಾಹಿತಿಗಾಗಿ ಶ್ರೀ 'ಮಾಡು' ಅವರಿಗೆ. ಕೆಲಸ ಹೇಗೂ ಅವರ ಪಾಲಿಗೇ ಬರುವುದು.