ಸಫಾರಿ ಸೂಟು, ಸ್ಟೀಲ್ ಡಬ್ಬಿ ಮತ್ತು ನೊಬೆಲ್ ಪ್ರಶಸ್ತಿ

ನಿಮ್ಮ ಮನೆಯಲ್ಲೂ ಒಂದು ಅಟ್ಟ ಇದ್ದೇ ಇರುತ್ತದೆ. ಫ್ಲ್ಯಾಟಿನವರು ಅದಕ್ಕೆ ಲಾಫ್ಟ್ ಅಂತಾರೆ, ಮೇಲಿರುವ ಸಾಮಾನು ಮಾತ್ರ ಎಲ್ಲರದೂ ಒಂದೇ. ಕತ್ತು ಮುರಿದ ಸ್ಟ್ಯಾಂಡ್ ಫ್ಯಾನು. ಒಂದು ಪೆಟ್ಟಿಗೆ ತುಂಬ ಕ್ಯಾಸೆಟ್ಟು, ಅವನ್ನು ಹಾಕಲು ಟೇಪ್‌ರೆಕಾರ್ಡರ್ ಇಲ್ಲ. ಮಗನ ತೊಟ್ಟಿಲು, ಮಗನಿಗೆ ಈಗ ಮೀಸೆ. ಟಿ.ವಿ.ಯ ಥರ್ಮಾಕೋಲು, ‘ವಾರಂಟಿಗೆ ಬೇಕಾಗುತ್ತೆ’ ಅಂತ ಎತ್ತಿಟ್ಟದ್ದು, ಟಿ.ವಿ. ಹೋಗಿ ಎಷ್ಟೋ ವರ್ಷವಾಯಿತು.

ನಮ್ಮನೆ ಅಟ್ಟದ ಉಸ್ತುವಾರಿ ನನ್ನದು. ಆಯುಧಪೂಜೆ ಹತ್ತಿರ ಬಂತೆಂದರೆ ನನ್ನ ಹೆಂಡತಿ ಸೆರಗು ಸಿಕ್ಕಿಸಿ ಸ್ಟೂಲ್ ಹತ್ತುತ್ತಾಳೆ. ನಾನು ಕೆಳಗೆ ಸ್ಟೂಲ್ ಹಿಡಿದುಕೊಳ್ಳುವ ನೆಪದಲ್ಲಿ ಕಾವಲು ನಿಲ್ಲುತ್ತೇನೆ.

“ರೀ, ಈ ವೈರು ಯಾತರದ್ದು?”

“ಇರ್ಲಿ ಇರ್ಲಿ, ಬೇಕಾಗುತ್ತೆ.”

“ಯಾವಾಗ?”

“ಬೇಕಾದಾಗ.”

ಇಲ್ಲಿಯವರೆಗೆ ಯಾವ ಗಂಡಸೂ ಇದಕ್ಕಿಂತ ಒಳ್ಳೆಯ ಉತ್ತರ ಕೊಟ್ಟಿದ್ದು ನಾನು ಕೇಳಿಲ್ಲ.

ಈ ಸಲ ಜಗಳ ಬಂದದ್ದು ನನ್ನ ಬೂದು ಬಣ್ಣದ ಸಫಾರಿ ಸೂಟಿನ ಮೇಲೆ. ಮದುವೆಯ ರಿಸೆಪ್ಷನ್ನಿಗೆ ಹೊಲಿಸಿದ್ದು. ಈಗ ಅದರ ಗುಂಡಿಗೂ ಕಾಜಕ್ಕೂ ನಡುವೆ ನನ್ನ ಹೊಟ್ಟೆ ಅಡ್ಡ ಬಂದಿದೆ, ಅಷ್ಟೆ.

“ಅದನ್ನ ಮುಟ್ಬೇಡ. ಅದ್ರಲ್ಲಿ ನಾನು ಶಂಕರ್‌ನಾಗ್ ಥರ ಕಾಣ್ತೀನಿ ಅಂದಿದ್ರು.”

“ಯಾರು?”

“ಟೈಲರ್.”

“ದುಡ್ಡು ಕೊಡೋಕೆ ಮುಂಚೆನೋ, ಆಮೇಲೋ?”

ಹೀಗೆ ಮಾತುಮಾತಿಗೂ ಸೋಲುತ್ತಿದ್ದ ನನಗೆ ಆಸರೆಯಾಗಿ ಸಿಕ್ಕಿದ್ದು ಅರ್ಥಶಾಸ್ತ್ರ. ನನ್ನಂಥವರ ಮೇಲೆ ಅಮೆರಿಕದಲ್ಲಿ ದೊಡ್ಡ ದೊಡ್ಡವರು ತಲೆ ಕೆಡಿಸಿಕೊಂಡಿದ್ದಾರೆ ಅಂತ ಓದಿ ಎದೆ ಉಬ್ಬಿತು. ಒಂದು ವಸ್ತು ನಮ್ಮದು ಅಂತ ಆದ ಕೂಡಲೇ ನಮ್ಮ ಕಣ್ಣಿಗೆ ಅದರ ಬೆಲೆ ಏರಿಬಿಡುತ್ತದಂತೆ. ರಿಚರ್ಡ್ ಥೇಲರ್ ಎಂಬುವರು 1980ರಲ್ಲಿ ಇದಕ್ಕೆ ಎಂಡೋಮೆಂಟ್ ಎಫೆಕ್ಟ್ ಅಂತ ನಾಮಕರಣ ಮಾಡಿದರು. 2017ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಅಂದರೆ ನನ್ನ ಅಟ್ಟಕ್ಕೂ ಅದರಲ್ಲಿ ಸಣ್ಣದೊಂದು ಪಾಲಿದೆ ಅಂತ ನಾನು ತಿಳಿದುಕೊಂಡೆ.

ಚಪಾತಿ ಲಟ್ಟಿಸುತ್ತಿದ್ದವಳ ಹತ್ತಿರ ಹೋಗಿ ಗಂಟಲು ಸರಿಮಾಡಿಕೊಂಡೆ. “ಇದಕ್ಕೆ ಎಂಡೋಮೆಂಟ್ ಎಫೆಕ್ಟ್ ಅಂತಾರೆ.”

“ಎಲ್‌ಐಸಿದಾ? ಯಾವಾಗ ಮೆಚೂರ್ ಆಗುತ್ತೆ?”

ನಾನು ಜಗ್ಗಲಿಲ್ಲ. ಥೇಲರ್ ಬರೆದ ವೈನ್ ರಸಿಕನ ಕಥೆ ಹೇಳಿದೆ. ಆ ಪುಣ್ಯಾತ್ಮ ಹಿಂದೆ ಬಾಟಲಿಗೆ 5 ಡಾಲರಿನಂತೆ ಕೊಂಡಿದ್ದ ವೈನಿಗೆ ಅಂಗಡಿಯವನೇ 100 ಡಾಲರ್ ಕೊಡ್ತೀನಿ ಅಂತ ಬಂದ. ಇವನು ಕೊಡಲಿಲ್ಲ. ಹಾಗಂತ ತಾನಾಗಿ ಯಾವ ಬಾಟಲಿಗೂ 35 ಡಾಲರಿಗಿಂತ ಹೆಚ್ಚು ಕೊಟ್ಟವನೂ ಅಲ್ಲ. ಆಮೇಲೆ ಕಾಫಿ ಮಗ್ಗಿನ ಪ್ರಯೋಗಕ್ಕೆ ಬಂದೆ. ಡೇನಿಯಲ್ ಕಾಹ್ನೆಮನ್, ಜ್ಯಾಕ್ ನೆಚ್ ಮತ್ತು ಇದೇ ಥೇಲರ್ ಸೇರಿ 1990ರಲ್ಲಿ ಪ್ರಕಟಿಸಿದ್ದು. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಅರ್ಧ ಕ್ಲಾಸಿಗೆ ಮಗ್ಗು ಕೊಟ್ಟು, ಮಾರುವವರು ಮಾರಿ, ಕೊಳ್ಳುವವರು ಕೊಳ್ಳಿ ಅಂದರು. ಮಗ್ಗು ಸಿಕ್ಕವರು ಸುಮಾರು 5.25 ಡಾಲರಿಗೆ ಕಮ್ಮಿ ಕೊಡಲ್ಲ ಅಂದರು. ಸಿಗದವರು 2.75ರ ಮೇಲೆ ಏರಲಿಲ್ಲ. ಮಗ್ಗು ಕೈಗೆ ಬಂದು ಇನ್ನೂ ಬಿಸಿ ಕೂಡ ಆಗಿರಲಿಲ್ಲ!

“ನನ್ನ ಸಫಾರಿ ಇಷ್ಟು ವರ್ಷದಿಂದ ನನ್ನ ಹತ್ರ ಇದೆ. ನೀನೇ ಲೆಕ್ಕ ಹಾಕು” ಅಂದೆ.

ಅವಳು ಲಟ್ಟಣಿಗೆ ನಿಲ್ಲಿಸಿದಳು. “ಎಷ್ಟಾದ್ರೆ ಕೊಡ್ತೀರಿ?”

“ಎರಡು ಸಾವಿರಕ್ಕೆ ಒಂದು ಪೈಸೆ ಕಮ್ಮಿ ಇಲ್ಲ.”

“ಇದೇ ಥರದ್ದು, ಎದುರುಮನೆಯವರು ಹಾಕಿ ಬಿಟ್ಟಿದ್ದು. ನೀವು ಎಷ್ಟು ಕೊಟ್ಟು ತಗೋತೀರಿ?”

“ಥೂ, ಬೇರೆಯವರ ಬೆವರಿನ ಬಟ್ಟೆ!”

“ನಿಮ್ಮ ಥೇಲರ್ ಪಾಪ ಸರಿಯಾಗೇ ಹೇಳಿದಾರೆ” ಅಂದು ಚಪಾತಿ ತಿರುವಿದಳು. ಅಷ್ಟು ಕಷ್ಟಪಟ್ಟು ಅಮೆರಿಕದಿಂದ ನಾನು ತರಿಸಿದ ಸಾಕ್ಷಿ ಕಟಕಟೆ ಹತ್ತಿದ ಮೇಲೆ ಅವಳ ಕಡೆ ತಿರುಗಿಕೊಂಡಿತು.

ಮಗನೂ ಸುಮ್ಮನಿರಲಿಲ್ಲ. ಮೊಬೈಲ್ ಒತ್ತಿ ನ್ಯೂಯಾರ್ಕಿನ ಕಾಲಿಯರ್ ಅಣ್ಣತಮ್ಮಂದಿರ ಕಥೆ ತೆಗೆದ. 1947ರಲ್ಲಿ ಹಾರ್ಲೆಮ್‌ನ ಅವರ ಮನೆಯಿಂದ ನೂರು ಟನ್ನಿಗೂ ಹೆಚ್ಚು ಸಾಮಾನು ಹೊರಗೆ ತೆಗೆದರು. ಅದರಲ್ಲಿ 14 ಪಿಯಾನೋ. ಕಳ್ಳರಿಗೆ ಅಂತ ಒಬ್ಬ ಒಡ್ಡಿದ್ದ ಬಲೆಗೆ ಅವನೇ ಸಿಕ್ಕಿ, ತನ್ನ ಹಳೇ ಸಾಮಾನಿನಡಿಯಲ್ಲೇ ಸತ್ತುಬಿದ್ದಿದ್ದ.

“ನಮ್ಮಲ್ಲಿ ಪಿಯಾನೋ ಇಲ್ವಲ್ಲೋ” ಅಂದೆ.

“ಅಜ್ಜಿ ಹಾರ್ಮೋನಿಯಂ ಇದೆ ಅಪ್ಪ. ಬೆಲ್ಲೋಸ್ ಹರಿದಿದೆ.”

ಮಾರನೇ ದಿನ ಬೀದಿಯಲ್ಲಿ “ಹಳೇ ಬಟ್ಟೆಗೆ ಸ್ಟೀಲ್ ಪಾತ್ರೇ...” ಅಂತ ಕೂಗು ಕೇಳಿತು. ಇಷ್ಟರಲ್ಲಿ ನಾನು ಇನ್ನೊಂದು ವಿಷಯ ಓದಿಕೊಂಡಿದ್ದೆ, ಹೆಂಡತಿಗೆ ಹೇಳಿರಲಿಲ್ಲ. ಜಾನ್ ಲಿಸ್ಟ್ ಎಂಬ ಅರ್ಥಶಾಸ್ತ್ರಜ್ಞರು ಆಟಗಾರರ ಚಿತ್ರದ ಕಾರ್ಡು ಮಾರುವ ಮೇಳಗಳಿಗೆ ಹೋಗಿ, ಜನರ ಕೈಗೆ ಒಂದು ವಸ್ತು ಕೊಟ್ಟು, ಅಂಥದೇ ಬೆಲೆಯ ಇನ್ನೊಂದಕ್ಕೆ ಬದಲಾಯಿಸ್ತೀರಾ ಅಂತ ಕೇಳಿದರು. ಸಾಮಾನ್ಯ ಜನ ಕೊಟ್ಟದ್ದನ್ನೇ ಅವಚಿಕೊಂಡರು. ದಿನಾ ಕೊಟ್ಟು ತೆಗೆದುಕೊಳ್ಳುವ ವ್ಯಾಪಾರಿಗಳಲ್ಲಿ ಮಾತ್ರ ಹೆಚ್ಚುಕಮ್ಮಿ ಅರ್ಧ ಜನ ಸಲೀಸಾಗಿ ಬದಲಾಯಿಸಿಕೊಂಡರು. ಪಳಗಿದವರಿಗೆ ಈ ಮೋಹ ಅಂಟುವುದಿಲ್ಲ. ಅಂಥವರಲ್ಲಿ ಒಬ್ಬಳು ತಲೆಯ ಮೇಲಿನ ಪಾತ್ರೆ ಬುಟ್ಟಿ ಇಳಿಸಿ ನಮ್ಮನೆ ಮೆಟ್ಟಿಲ ಮೇಲೆ ಕೂತಳು.

ಸಫಾರಿಯನ್ನು ಬೆಳಕಿಗೆ ಹಿಡಿದಳು. ಸೀಟಿನ ಹತ್ತಿರ ಎರಡು ಕೈಯಲ್ಲೂ ಎಳೆದು ನೋಡಿದಳು. ಕಂಕುಳಲ್ಲಿ ಜಿರಲೆ ತಿಂದಿದ್ದ ತೂತಿನಿಂದ ಕಿರುಬೆರಳು ತೂರಿಸಿ ನನ್ನ ಕಡೆ ಆಡಿಸಿದಳು. “ಇದು ಬ್ಯಾಡ ಕಣಕ್ಕಾ. ಇದನ್ನ ಯಾರು ತಗಂತಾರೆ? ಜರಿ ಸೀರೆ ಇದ್ರೆ ಕೊಡು, ಜೀನ್ಸ್ ಪ್ಯಾಂಟ್ ಇದ್ರೆ ಕೊಡು.”

ಸಫಾರಿ ಉಳಿಯಿತು! ನಾನು ತೆಪ್ಪಗೆ ಒಳಗೆ ಒಯ್ದು ಬೀಗ ಹಾಕಬಹುದಿತ್ತು. ಆದರೆ ಶಂಕರ್‌ನಾಗ್‌ಗೆ ಆದ ಅವಮಾನ ಸಹಿಸುವುದು ಹೇಗೆ?

“ಏನಮ್ಮಾ, ಬಟ್ಟೆ ಮುಟ್ಟಿ ನೋಡು! ಟೆರಿಕಾಟ್! ಈಗ ಇಂಥ ಬಟ್ಟೆ ಎಲ್ಲಿ ಬರುತ್ತೆ?” ಅಂತ ಮೆಟ್ಟಿಲ ಮೇಲೆ ಕೂತೇಬಿಟ್ಟೆ.

“ಅದಕ್ಕೇ ಕಣಣ್ಣಾ, ಈಗ ಯಾರೂ ಹಾಕಲ್ಲ.”

“ಹೊಲಿಗೆ ನೋಡು. ಜೇಬು ನೋಡು, ನಾಲ್ಕು ಜೇಬು!”

ಅವಳು ಡಬ್ಬಿಯೊಂದನ್ನು ತೆಗೆದು, ಮುಚ್ಚಳ ಟಣ್ಣೆನಿಸಿ, ನನಗೆ ಕಾಣುವಂತೆ ಇಟ್ಟಳು. ನಿಟ್ಟುಸಿರು ಬಿಟ್ಟಳು. “ಜತೆಗೆ ಎರಡು ಪ್ಯಾಂಟ್ ಹಾಕಣ್ಣಾ, ಏನೋ ಪಾಪ ಅಂತ ತಗಂತೀನಿ.”

ನಾನೇ ಎದ್ದು ಓಡಿದೆ. ನಾನೇ ಬೀರು ತೆಗೆದೆ. ಆಫೀಸಿಗೆ ಹಾಕುವ, ಇನ್ನೂ ಇಸ್ತ್ರಿ ಮಡಿಕೆ ಮಾಸದ ಎರಡು ಪ್ಯಾಂಟು ತಂದು ಸಫಾರಿಯ ಮೇಲಿಟ್ಟೆ. ಹೆಂಡತಿ ಬಾಗಿಲಿಗೆ ಒರಗಿ ನಿಂತಿದ್ದಳು. ಅಷ್ಟು ಹೊತ್ತಿನಲ್ಲಿ ಒಂದು ಮಾತೂ ಆಡಲಿಲ್ಲ. ಆಡುವ ಅಗತ್ಯ ಅವಳಿಗೇನಿತ್ತು?

ಆದರೆ ಡಬ್ಬಿ! ಎಂಥ ಡಬ್ಬಿ ಅಂತೀರಿ. ಮಧ್ಯಾಹ್ನದ ಹೊತ್ತಿಗೆ ನನಗೆ ಅದರ ಮುಚ್ಚಳದ ಬಿಗಿ, ತಳದ ತೂಕ, ಹೊಳಪು ಎಲ್ಲದರ ಮೇಲೂ ಅಭಿಮಾನ ಹುಟ್ಟಿತ್ತು. ಸಂಜೆ ಪಾತ್ರೆ ಅಂಗಡಿಗೆ ಒಯ್ದು ನನ್ನ ಹೆಸರು ಕೊರೆಸಿಕೊಂಡು ಬರೋಣ ಅಂತ ಪ್ಯಾಂಟು ಹುಡುಕಿದೆ. ಒಳ್ಳೆಯವು ಎರಡೂ ಹೋಗಿದ್ದವಲ್ಲ, ಪಂಚೆ ಉಟ್ಟು ಹೋಗಲು ಸಂಕೋಚ. ನಾಳೆ ನೋಡೋಣ ಅಂತ ಬಿಟ್ಟೆ. ಬೆಳಿಗ್ಗೆ ಎದ್ದರೆ ಡಬ್ಬಿ ಇಲ್ಲ.

“ಎದುರುಮನೆಯವರಿಗೆ ಚಕ್ಕುಲಿ ಹಾಕಿ ಕೊಟ್ಟೆ. ವಾಪಸ್ ಕೊಡ್ತಾರೆ ಬಿಡ್ರೀ.”

ನಿಮಗೆ ಗೊತ್ತಲ್ಲ, ತಿಂಡಿ ಹೋದ ಡಬ್ಬಿ ಖಾಲಿ ವಾಪಸ್ ಬರಬಾರದು. ಅವರು ಏನಾದರೂ ಮಾಡುವವರೆಗೆ ಅದು ಅಲ್ಲೇ. ಅವರು ಏನೂ ಮಾಡಲಿಲ್ಲ. ದೀಪಾವಳಿ ಬಂತು, ಹೋಯಿತು. ಕಡೆಗೆ ಪೇಪರ್ ಕೇಳುವ ನೆಪದಲ್ಲಿ ನಾನೇ ಹೋದೆ. ಅಡುಗೆಮನೆಯ ಶೆಲ್ಫಿನಲ್ಲಿ ನನ್ನ ಡಬ್ಬಿ, ಅದರ ಮೇಲೆ ‘ರವೆ’ ಅಂತ ಚೀಟಿ.

“ಡಬ್ಬಿ ಚೆನ್ನಾಗಿದೆ ಸಾರ್” ಅಂದೆ, ಸುಳಿವು ಹತ್ತಲಿ ಅಂತ.

ಅವರು ಎದ್ದು ಹೋಗಿ ಅದನ್ನು ಎರಡು ಕೈಯಲ್ಲಿ ಹಿಡಿದು ತಂದರು. ಮುಚ್ಚಳದ ಮೇಲೆ ಬೆರಳಿನಿಂದ ಟಣ್ಣೆನಿಸಿದರು.

“ನೋಡಿ, ಏನು ಗೇಜು! ನಮ್ಮನೇಲಿ ಎಷ್ಟು ವರ್ಷದಿಂದ ಇದೆಯೋ. ಐನೂರು ಕೊಡ್ತೀನಿ ಅಂದ್ರೂ ನಾನಂತೂ ಕೊಡಲ್ಲ ಸಾರ್.”