ಶನಿವಾರದ ಬಿಸ್ಕತ್ತಿಗೆ ರಬ್ಬಿಯ ರುಜು

ಕೋಷರ್ ಎಂದರೆ ಯೆಹೂದಿ ಧರ್ಮಶಾಸ್ತ್ರ ಒಪ್ಪುವ ಊಟ. ಹೀಬ್ರೂ ಭಾಷೆಯಲ್ಲಿ ಆ ಪದಕ್ಕೆ ‘ಸರಿಯಾದದ್ದು, ತಕ್ಕದ್ದು’ ಎಂದರ್ಥ. ಅಮೆರಿಕದ ಅಂಗಡಿಗಳಲ್ಲಿ ಬಿಸ್ಕತ್ತಿನ ಪೊಟ್ಟಣ, ಸಾಸಿನ ಬಾಟಲಿ, ಉಪ್ಪು, ಕಡೆಗೆ ಚಪಾತಿ ಸುತ್ತುವ ಅಲ್ಯೂಮಿನಿಯಂ ಹಾಳೆಯ ಡಬ್ಬಿಯ ಮೇಲೂ ರಬ್ಬಿ, ಅಂದರೆ ಯೆಹೂದಿ ಧರ್ಮಗುರು, ಒಪ್ಪಿದ ಕೋಷರ್ ಮುದ್ರೆ ಇರುತ್ತದೆ. ಗಾತ್ರ ಹೆಸರುಕಾಳಿನಷ್ಟು. ಕನ್ನಡಕ ಏರಿಸಿಕೊಂಡು ಅದನ್ನು ಹುಡುಕುವವರೆಲ್ಲ ಯೆಹೂದಿಗಳಲ್ಲ. ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಮಗನ ಮನೆಗೆ ಆರು ತಿಂಗಳ ಮಟ್ಟಿಗೆ ಬಂದಿಳಿದ ಗೆಜ್ಜಲಗೆರೆಯ ತಾಯಂದಿರೂ ಅವರಲ್ಲಿ ಸೇರುತ್ತಾರೆ, ಅದರಲ್ಲೂ ಶನಿವಾರ.

ಶನಿವಾರವೇ ಯಾಕೆಂದರೆ, ಮಂಡ್ಯ ಸೀಮೆಯ ಊಟಕ್ಕೆ ಪಂಚಾಂಗ ಬೇಕು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಮದ್ದೂರು ದಾಟಿದ ಮೇಲೆ, ಮಂಡ್ಯ ಸೇರುವ ಮೊದಲು ಸಿಗುವ ಊರು ಗೆಜ್ಜಲಗೆರೆ. ಅಲ್ಲಾಗಲಿ ಸುತ್ತಲ ಹಳ್ಳಿಗಳಲ್ಲಾಗಲಿ ಜನರನ್ನು ಸಸ್ಯಾಹಾರಿ, ಮಾಂಸಾಹಾರಿ ಎಂದು ಎರಡು ಪಂಕ್ತಿ ಮಾಡಲು ಹೊರಟರೆ ಲೆಕ್ಕ ತಪ್ಪುತ್ತದೆ. ಭಾನುವಾರ ನಾಟಿಕೋಳಿ ಸಾರಿಗೆ ಮುದ್ದೆ ಮುರಿದ ಕೈಯೇ ಸೋಮವಾರ ‘ಇವತ್ತು ವಾರ ಕನಪ್ಪ’ ಎಂದು ಮೊಟ್ಟೆಯನ್ನೂ ಮುಟ್ಟದು. ಕೆಲವು ಮನೆಗೆ ಸೋಮವಾರ, ಕೆಲವಕ್ಕೆ ಶನಿವಾರ, ಇಬ್ಬರು ದೇವರಿಗೆ ನಡೆದುಕೊಳ್ಳುವವರಿಗೆ ಎರಡೂ. ಶ್ರಾವಣ ಹಿಡಿದರೆ ತಿಂಗಳು ಪೂರ್ತಿ. ಇದೇ ಮಂಡ್ಯದಲ್ಲಿ 2024ರ ಡಿಸೆಂಬರ್ 20ರಿಂದ 22ರವರೆಗೆ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಊಟದಲ್ಲಿ ಬಾಡು ಯಾಕಿಲ್ಲ ಎಂದು ಹೋರಾಟ ಎದ್ದದ್ದು ನಾಡಿಗೆಲ್ಲ ಗೊತ್ತು. ಮೂರು ದಿನಗಳಲ್ಲಿ ನಡುವಿನದು ಶನಿವಾರವಾಗಿತ್ತು. ಅಂದು ಬಡಿಸಿದ್ದರೆ ಹೋರಾಟಗಾರರಲ್ಲಿ ಎಷ್ಟು ಮಂದಿ ಎಲೆ ಮುಂದೆ ಕೂರುತ್ತಿದ್ದರು ಎಂಬ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ.

ಭಾರತದಲ್ಲಿ ವಾರ ಕಾಯಲು ಅಕ್ಷರ ಬರಬೇಕಿಲ್ಲ. 2001ರಿಂದ ಪೊಟ್ಟಣದ ಮೇಲೆ ಚೌಕದೊಳಗೆ ಚುಕ್ಕೆ ಕಡ್ಡಾಯವಾಗಿದೆ. ಹಸಿರಿದ್ದರೆ ತಿನ್ನಬಹುದು, ಕಂದಿದ್ದರೆ ನಾಳೆ ತಿನ್ನಬಹುದು. ಮೊಟ್ಟೆ ಬಿದ್ದರೆ ಕಂದು, ಹಾಲು ಬಿದ್ದರೆ ಹಸಿರು. ಈಚೆಗೆ ಬಣ್ಣ ಗುರುತಿಸಲಾಗದವರಿಗೂ ತಿಳಿಯಲೆಂದು ಕಂದು ಚುಕ್ಕೆಯನ್ನು ತ್ರಿಕೋನ ಮಾಡಿದ್ದಾರೆ. ಅಮೆರಿಕದಲ್ಲಿ ಸರ್ಕಾರ ಇಂಥ ಚುಕ್ಕೆಯನ್ನು ಕಡ್ಡಾಯ ಮಾಡಿಲ್ಲ. ಪೊಟ್ಟಣ ತಿರುಗಿಸಿದರೆ ಸಿಗುವುದು ಇರುವೆ ಸಾಲಿನಂಥ ಅಕ್ಷರದಲ್ಲಿ ಒಂದು ಪ್ರಬಂಧ. ಮಾರ್ಷ್‌ಮೆಲೋ ಹತ್ತಿಯಂತೆ ಬೆಳ್ಳಗಿರುತ್ತದೆ, ಒಳಗೆ ಜೆಲಟಿನ್, ಅಂದರೆ ದನ ಅಥವಾ ಹಂದಿಯ ಚರ್ಮ, ಮೂಳೆ ಬೇಯಿಸಿ ತೆಗೆದ ಅಂಟು. ಕೆಂಪು ಮೊಸರಿನ ಬಣ್ಣ ಪಾಪಾಸುಕಳ್ಳಿಯ ಮೇಲೆ ಬದುಕುವ ಹುಳವನ್ನು ಅರೆದು ತೆಗೆದದ್ದಿರಬಹುದು. ವೂಸ್ಟರ್ ಸಾಸಿನಲ್ಲಿ ಆಂಚೊವಿ ಮೀನು. ಮೆಕ್ಸಿಕೋದವರ ಹುರುಳಿ ಪಲ್ಯದಂಥ ಬೀನ್ಸಿನಲ್ಲಿ ಹಂದಿಕೊಬ್ಬು. ‘ನೈಸರ್ಗಿಕ ರುಚಿ’ ಎಂಬ ಎರಡು ಪದದ ಹಿಂದೆ ಏನಿದೆ ಎಂಬುದು ಕಾರ್ಖಾನೆಗೂ ದೇವರಿಗೂ ಬಿಟ್ಟದ್ದು.

ಆಲೂಗಡ್ಡೆಯೂ ಕೈ ಕೊಟ್ಟದ್ದುಂಟು. ಮೆಕ್‌ಡೊನಾಲ್ಡ್ಸ್ 1990ರಲ್ಲಿ ತನ್ನ ಆಲೂಗಡ್ಡೆ ಕಡ್ಡಿಗಳನ್ನು ದನದ ಕೊಬ್ಬಿನಲ್ಲಿ ಕರಿಯುವುದನ್ನು ಬಿಟ್ಟು ಸಸ್ಯದ ಎಣ್ಣೆಗೆ ಬಂತು. ಆದರೆ ಕಡ್ಡಿಗೆ ಹಾಕುವ ರುಚಿಯಲ್ಲಿ ದನದ ಮಾಂಸದ ಅಂಶ ಉಳಿದಿತ್ತು. 2001ರಲ್ಲಿ ಸಿಯಾಟಲ್‌ನ ವಕೀಲ ಹರೀಶ್ ಭಾರ್ತಿ ಮೊಕದ್ದಮೆ ಹೂಡಿದರು. ಮರುವರ್ಷ ಕಂಪನಿ ಕ್ಷಮೆ ಕೇಳಿ 1 ಕೋಟಿ ಡಾಲರ್ ಕೊಡಲು ಒಪ್ಪಿತು. ಆ ಹಣದಲ್ಲಿ ಸಸ್ಯಾಹಾರಿ ಸಂಘಗಳಿಗೆ ದೊಡ್ಡ ಪಾಲು, ಹಿಂದೂ-ಸಿಖ್ ಸಂಸ್ಥೆಗಳಿಗೆ ಒಂದು ಪಾಲು, ಕೋಷರ್ ಪಾಲಿಸುವವರ ಸಂಸ್ಥೆಗಳಿಗೂ ಒಂದು ಪಾಲು ಎಂದು ಗೊತ್ತಾಯಿತು. ನ್ಯಾಯಾಲಯದ ಕಾಗದದಲ್ಲಿ ರಬ್ಬಿಯೂ ಪುರೋಹಿತನೂ ಒಂದೇ ಪಂಕ್ತಿಯಲ್ಲಿ ಕುಳಿತದ್ದು ಹೀಗೆ.

ಮುದ್ರೆಗಳಲ್ಲಿ ಹೆಸರಾಂತದ್ದು ದುಂಡು ಗೆರೆಯೊಳಗೆ ಇಂಗ್ಲಿಷಿನ ‘ಯು’ ಅಕ್ಷರ. ಅದು ಆರ್ಥೊಡಾಕ್ಸ್ ಯೂನಿಯನ್ ಎಂಬ ಸಂಸ್ಥೆಯದು, 1923ರಲ್ಲಿ ಹೈಂಜ್ ಕಂಪನಿಯ ಸಸ್ಯಾಹಾರಿ ಬೀನ್ಸ್ ಡಬ್ಬಿಯಿಂದ ಅದರ ಕೆಲಸ ಶುರುವಾಯಿತು. ನಕ್ಷತ್ರದೊಳಗೆ ‘ಕೆ’, ದುಂಡಿನೊಳಗೆ ‘ಕೆ’ ಹೀಗೆ ಬೇರೆ ಬೇರೆ ಸಂಸ್ಥೆಗಳಿಗೆ ಬೇರೆ ಗುರುತು. ಬರಿಯ ‘ಕೆ’ ಇದ್ದರೆ ಹುಷಾರಾಗಿರಬೇಕು. ವರ್ಣಮಾಲೆಯ ಅಕ್ಷರವನ್ನು ಯಾರೂ ನೋಂದಾಯಿಸಿಕೊಳ್ಳಲು ಆಗದ್ದರಿಂದ ಅದನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ಮುದ್ರೆಯ ಪಕ್ಕ ‘ಡಿ’ ಇದ್ದರೆ ಹಾಲಿನ ಪದಾರ್ಥ. ‘ಪಾರೆವ್’ ಎಂದಿದ್ದರೆ ಹಾಲೂ ಇಲ್ಲ, ಮಾಂಸವೂ ಇಲ್ಲ. ‘ಪಿ’ ಎಂದರೆ ಪಾರೆವ್ ಅಲ್ಲ, ಪಾಸೋವರ್ ಹಬ್ಬಕ್ಕೆ ನಡೆಯುತ್ತದೆ ಎಂದಷ್ಟೇ. ಅರ್ಧ ಕಲಿತವರು ಈ ‘ಪಿ’ಯನ್ನು ನಂಬಿ ಶನಿವಾರ ಕೋಳಿ ಸೂಪಿನ ಡಬ್ಬಿ ತಂದರೆ ತಪ್ಪು ಡಬ್ಬಿಯದಲ್ಲ. ಓರಿಯೊ ಬಿಸ್ಕತ್ತಿನ ಕೆನೆಯಲ್ಲಿ ಒಂದು ಕಾಲಕ್ಕೆ ಹಂದಿಕೊಬ್ಬು ಇರುತ್ತಿತ್ತು. ಅದನ್ನು ಕೈಬಿಟ್ಟು 1997ರಲ್ಲಿ ಅದು ‘ಯು-ಡಿ’ ಪಡೆಯಿತು. ಮಗ ಕಾಲೇಜಿಗೆಂದು ಅಮೆರಿಕಕ್ಕೆ ಹೋದದ್ದು ಅದಕ್ಕೂ ಹಿಂದೆಯಾಗಿದ್ದರೆ ಆ ಲೆಕ್ಕವನ್ನು ತಾಯಿಯ ಮುಂದೆ ತೆಗೆಯದಿರುವುದು ಲೇಸು.

‘ಡಿ’ ಎಂಬ ಅಕ್ಷರದ ಹಿಂದೆ ಕೋಷರ್‌ನ ಮುಖ್ಯ ಕಟ್ಟಳೆ ಇದೆ. ಆಡುಮರಿಯನ್ನು ಅದರ ತಾಯಿಯ ಹಾಲಲ್ಲಿ ಬೇಯಿಸಬಾರದೆಂಬ ಅಪ್ಪಣೆ ತೋರಾ ಗ್ರಂಥದಲ್ಲಿ ಮೂರು ಕಡೆ ಬರುತ್ತದೆ. ಅದನ್ನೇ ಬೆಳೆಸಿ ಶಾಸ್ತ್ರಕಾರರು ಹಾಲಿಗೂ ಮಾಂಸಕ್ಕೂ ನಂಟೇ ಇರಕೂಡದು ಎಂದರು. ಪಾತ್ರೆ ಎರಡು ಜೊತೆ, ತೊಳೆಯುವ ತೊಟ್ಟಿ ಎರಡು, ಒರೆಸುವ ಬಟ್ಟೆ ಎರಡು. ಮಾಂಸ ತಿಂದ ಮೇಲೆ ಹಾಲು ಕುಡಿಯಲು ಹಲವರು ಆರು ಗಂಟೆ ಕಾಯುತ್ತಾರೆ. ಇದನ್ನು ಕೇಳಿದ ಅಮೆರಿಕನ್ನರು ಬೆರಗಾಗುತ್ತಾರೆ, ಕನ್ನಡಿಗರಿಗೆ ತಮ್ಮ ಮನೆಯ ಸುದ್ದಿ ಕೇಳಿದಂತಾಗುತ್ತದೆ. ಮೇಲುಕೋಟೆಯ ಮಡಿ ಅಡುಗೆಮನೆಯಲ್ಲಿ ಅನ್ನದ ತಪ್ಪಲೆ ಮುಟ್ಟಿದ ಕೈ ಮುಸುರೆ. ತೊಳೆಯದೆ ಮೊಸರಿನ ಗಡಿಗೆಗೆ ಹೋಗುವಂತಿಲ್ಲ. ಮದ್ದೂರಿನ ಕಡೆ ಬಾಡಿನ ಪಾತ್ರೆಯೇ ಬೇರೆ, ಹಬ್ಬದ ದಿನ ಅದು ಅಟ್ಟದ ಮೇಲೆ. ಅಮೆರಿಕದ ಯೆಹೂದಿ ಬಡಾವಣೆಯಲ್ಲಿ ಬಾಡಿಗೆಗೆ ಹೋದ ಕನ್ನಡ ಕುಟುಂಬಕ್ಕೆ ಎರಡು ತೊಟ್ಟಿಯ ಅಡುಗೆಮನೆ ಸಿಕ್ಕರೆ, ಅತ್ತೆಗೊಂದು ಸೊಸೆಗೊಂದು ಎಂದು ತಿಳಿದುಕೊಳ್ಳುವುದು ಸಹಜ.

ಇಷ್ಟಾದರೂ ರಬ್ಬಿಯ ಮುದ್ರೆ ಹಸಿರು ಚುಕ್ಕೆಯ ಕೆಲಸ ಮಾಡುವುದಿಲ್ಲ. ಮುದ್ರೆ ಉತ್ತರ ಕೊಡುವುದು ಯೆಹೂದಿಗಳ ಪ್ರಶ್ನೆಗೆ, ವಾರ ಹಿಡಿದವರ ಪ್ರಶ್ನೆಗಲ್ಲ. ಅವರ ಶಾಸ್ತ್ರದಲ್ಲಿ ಮೊಟ್ಟೆ ಪಾರೆವ್, ಈಜುರೆಕ್ಕೆ ಮತ್ತು ಹುರುಪೆ ಎರಡೂ ಇರುವ ಮೀನೂ ಪಾರೆವ್. ಹಾಗಾಗಿ ಪಾರೆವ್ ಕೇಕಿನಲ್ಲಿ ಆರು ಮೊಟ್ಟೆ ಇದ್ದರೂ ರಬ್ಬಿ ಸುಳ್ಳು ಹೇಳಿದಂತಲ್ಲ. ಕೋಷರ್ ಜೆಲಟಿನ್ ಮೀನಿನದೋ, ಶಾಸ್ತ್ರೋಕ್ತವಾಗಿ ಕೊಯ್ದ ದನದ್ದೋ ಇರಬಹುದು. ಚೀಸು ಗಟ್ಟಿಯಾಗಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಬಹುದು. ಕರುವನ್ನು ಸರಿಯಾಗಿ ಕೊಯ್ದಿದ್ದರೆ ಅವರ ಶಾಸ್ತ್ರಕ್ಕೆ ಅಡ್ಡಿಯಿಲ್ಲ. ನಿಂಬೆರಸ ಹಿಂಡಿ ಹಾಲು ಒಡೆಸುವ ಪನೀರಿಗೆ ಈ ರಗಳೆ ಇಲ್ಲ. ಅನುಭವಸ್ಥ ಹೊರನಾಡ ಕನ್ನಡಿಗರು ಮೊದಲು ಮುದ್ರೆಯ ಪಕ್ಕ ‘ಡಿ’ ಅಥವಾ ‘ಪಾರೆವ್’ ಇದೆಯೇ ಎಂದು ನೋಡಿ ಮಾಂಸದ ಭಯ ಕಳೆದುಕೊಂಡು, ಆಮೇಲೆ ಪೊಟ್ಟಣ ತಿರುಗಿಸಿ ಮೊಟ್ಟೆ, ಮೀನು, ಜೆಲಟಿನ್ ಈ ಮೂರು ಪದಗಳನ್ನಷ್ಟೇ ಹುಡುಕುತ್ತಾರೆ.

ಹಾಲಿನ ವಿಚಾರ ಬಂದರೆ ಗೆಜ್ಜಲಗೆರೆಗೆ ಹೇಳಿಕೊಡುವಂಥದ್ದು ಯಾರ ಬಳಿಯೂ ಹೆಚ್ಚಿಲ್ಲ. ಮಂಡ್ಯ ಹಾಲು ಒಕ್ಕೂಟದ ಡೈರಿ ಇರುವುದು ಇಲ್ಲೇ. 2022ರ ಡಿಸೆಂಬರ್‌ನಲ್ಲಿ 260 ಕೋಟಿ ರೂಪಾಯಿ ವೆಚ್ಚದ, ದಿನಕ್ಕೆ 10 ಲಕ್ಷ ಲೀಟರ್ ಸಾಮರ್ಥ್ಯದ ಮೆಗಾ ಡೈರಿ ಉದ್ಘಾಟನೆಯಾಯಿತು. ಕಟ್ಟುನಿಟ್ಟಿನ ಯೆಹೂದಿಗಳು ‘ಖಾಲೊವ್ ಇಸ್ರೇಲ್’ ಹಾಲನ್ನು ಮಾತ್ರ ಕುಡಿಯುತ್ತಾರೆ. ಕರೆಯುವಾಗಲೇ ಯೆಹೂದಿಯೊಬ್ಬ ಎದುರಿಗಿದ್ದು, ಹಂದಿಯದೋ ಒಂಟೆಯದೋ ಹಾಲು ಬೆರೆಯಲಿಲ್ಲ ಎಂದು ನೋಡಿದ ಹಾಲು ಅದು. ನ್ಯೂಯಾರ್ಕಿನ ರಬ್ಬಿ ಮೋಷೆ ಫೈನ್‌ಸ್ಟೀನ್ 1950ರ ದಶಕದಲ್ಲಿ, ಅಮೆರಿಕ ಸರ್ಕಾರದ ತಪಾಸಣೆ ಇರುವುದರಿಂದ ಅಂಗಡಿಯ ಹಾಲೂ ನಡೆಯುತ್ತದೆ ಎಂದು ತೀರ್ಪು ಕೊಟ್ಟರು. ಮಂಡ್ಯದ ಹಳ್ಳಿಯ ಹಾಲಿನ ಸೊಸೈಟಿಯಲ್ಲಿ ಹಂದಿ ಹಾಲಿನ ಭಯ ಯಾರಿಗೂ ಇಲ್ಲ, ಅಲ್ಲಿನ ಶಂಕೆಯೆಲ್ಲ ನೀರಿನ ಮೇಲೆ. ಬೆಳಗಿನ ಜಾವ ಕ್ಯಾನು ಹಿಡಿದ ಸಾಲು, ಲ್ಯಾಕ್ಟೋಮೀಟರ್ ಮುಳುಗಿಸಿ ಕಣ್ಣು ಕಿರಿದು ಮಾಡಿದ ಕಾರ್ಯದರ್ಶಿ, ಫ್ಯಾಟು ಕಡಿಮೆ ಬಂತೆಂದು ಪುಸ್ತಕ ಕಿತ್ತುಕೊಂಡು ಜಗಳಕ್ಕೆ ನಿಂತ ಹೆಂಗಸು: ಇದಕ್ಕಿಂತ ಕಟ್ಟುನಿಟ್ಟಿನ ಮೇಲ್ವಿಚಾರಣೆ ಯಾವ ಧರ್ಮಶಾಸ್ತ್ರದಲ್ಲೂ ಇರಲಾರದು. ಹಾಗಿದ್ದೂ 2021ರಲ್ಲಿ ಡೈರಿಗೆ ಬರುತ್ತಿದ್ದ ಟ್ಯಾಂಕರುಗಳಲ್ಲಿ ನೀರಿಗೆಂದೇ ಗುಪ್ತ ಅರೆ ಮಾಡಿದ್ದು ಬಯಲಾಗಿ ತನಿಖೆ ನಡೆಯಿತು. ಕರೆಯುವಾಗ ನೋಡಿದರೆ ಸಾಲದು, ಲಾರಿಯ ಹೊಟ್ಟೆಯನ್ನೂ ನೋಡಬೇಕು ಎಂಬ ಉಪವಿಧಿ ರಬ್ಬಿಗಳಿಗೆ ಹೊಳೆದಿರಲಿಲ್ಲ.

ಸಕ್ಕರೆಯಲ್ಲಿ ಮಂಡ್ಯದವರಿಗೆ ಇನ್ನೊಂದು ಪೆಟ್ಟು ಕಾದಿರುತ್ತದೆ. 1933ರಿಂದ ಮೈಷುಗರ್ ಕಾರ್ಖಾನೆಯ ಸಿಳ್ಳೆ ಕೇಳಿ ಬೆಳೆದ ಊರಿನವರು, ಆಲೆಮನೆಯಲ್ಲಿ ಬೆಂಡೆ ಗಿಡದ ಲೋಳೆ ಹಾಕಿ ಕಬ್ಬಿನ ಹಾಲಿನ ಕೊಳೆ ತೆಗೆಯುವುದನ್ನು ಕಂಡವರು, ಅಮೆರಿಕದ ಕೆಲವು ಕಾರ್ಖಾನೆಗಳು ಕಬ್ಬಿನ ಸಕ್ಕರೆ ಬೆಳ್ಳಗಾಗಲು ಸುಟ್ಟ ಮೂಳೆಯ ಇದ್ದಿಲಿನಲ್ಲಿ ಸೋಸುತ್ತವೆ ಎಂದು ಕೇಳಿದರೆ ಕೈಯಲ್ಲಿನ ಕಾಫಿ ಲೋಟ ಕೆಳಗಿಡುತ್ತಾರೆ. ಮೂಳೆಯ ಅಂಶ ಸಕ್ಕರೆಗೆ ಇಳಿಯದ್ದರಿಂದ ರಬ್ಬಿಗಳ ತಕರಾರಿಲ್ಲ. ವಾರ ಮಾಡುವವರು ಮಾತ್ರ ಸೂಟ್‌ಕೇಸಿನಿಂದ ಅಚ್ಚುಬೆಲ್ಲ ತೆಗೆಯುತ್ತಾರೆ.

ಹೊರಗೆ ಉಣ್ಣುವುದು ಪೊಟ್ಟಣಕ್ಕಿಂತ ಸಲೀಸು. ಕೋಷರ್ ಹೋಟೆಲು ಮಾಂಸದ್ದಾದರೆ ಹಾಲಿಲ್ಲ, ಹಾಲಿನದಾದರೆ ಮಾಂಸವಿಲ್ಲ. ಹಾಲಿನ ಹೋಟೆಲಿಗೆ ಹೋಗಿ ಮೀನು, ಮೊಟ್ಟೆ ಬೇಡ ಎಂದರೆ ಮುಗಿಯಿತು. ನ್ಯೂಯಾರ್ಕಿನ ಲೆಕ್ಸಿಂಗ್ಟನ್ ಅವೆನ್ಯೂದ ‘ಕರಿ ಹಿಲ್’ ಪ್ರದೇಶದಲ್ಲಿ ಮದ್ರಾಸ್ ಮಹಲ್‌ನಂಥ ದಕ್ಷಿಣ ಭಾರತದ ಸಸ್ಯಾಹಾರಿ ಹೋಟೆಲುಗಳು ಕೋಷರ್ ಪ್ರಮಾಣಪತ್ರ ಪಡೆದು ಗೋಡೆಗೆ ತೂಗುಹಾಕಿದ್ದವು. ಕಪ್ಪು ಟೋಪಿಯವರು ಒಂದು ಮೇಜಿನಲ್ಲಿ, ಕುಂಕುಮದವರು ಇನ್ನೊಂದರಲ್ಲಿ, ಇಬ್ಬರ ಮುಂದೆಯೂ ಮಸಾಲೆ ದೋಸೆ. ಇಂಥ ಅಡುಗೆಮನೆಗೆ ಮಷ್ಗಿಯಾಖ್ ಎಂಬ ಮೇಲ್ವಿಚಾರಕ ಬರುತ್ತಾನೆ. ಯೆಹೂದಿಯ ಕೈ ಸೋಕದ ಅಡುಗೆ ಸಲ್ಲದೆಂಬ ಕಟ್ಟಳೆಗಾಗಿ ಒಲೆ ಹೊತ್ತಿಸುವುದು ಅವನ ಕೆಲಸ. ದೋಸೆ ಹುಯ್ಯುವುದು ಉಳಿದವರದು. ಹುಳ ತಿನ್ನುವುದು ನಿಷಿದ್ಧವಾದ್ದರಿಂದ ಹೂಕೋಸು, ಕೊತ್ತಂಬರಿ ಸೊಪ್ಪನ್ನು ಬೆಳಕಿಗೆ ಹಿಡಿದು ಎಲೆ ಎಲೆ ನೋಡುತ್ತಾನೆ, ಹಿಟ್ಟು ಜರಡಿ ಆಡಿಸುತ್ತಾನೆ. ಮಾಗಿಯಲ್ಲಿ ಜಗಲಿ ಮೇಲೆ ಕೂತು ಅವರೆಕಾಯಿ ಸುಲಿಯುತ್ತ ಹುಳ ಬಂದದ್ದನ್ನು ಅಂಗಳಕ್ಕೆ ಎಸೆಯುವ ಅಜ್ಜಿ ಈ ಕೆಲಸವನ್ನು ಸಂಬಳವಿಲ್ಲದೆ ಮಾಡಿಕೊಂಡು ಬಂದಿದ್ದಾಳೆ.

ತೊಡಕು ಇರುವುದು ವಾರದಲ್ಲೇ. ಯೆಹೂದಿ ಮಾಲೀಕರ ಹೋಟೆಲು ಶುಕ್ರವಾರ ಹೊತ್ತು ಮುಳುಗುವ ಮೊದಲೇ ಬಾಗಿಲು ಹಾಕುತ್ತದೆ, ಶನಿವಾರ ರಾತ್ರಿ ಆಕಾಶದಲ್ಲಿ ಮೂರು ಚುಕ್ಕಿ ಕಾಣುವವರೆಗೆ ತೆಗೆಯುವುದಿಲ್ಲ. ಗೆಜ್ಜಲಗೆರೆಯ ಮನೆಗೆ ಅದು ಬೇಕಾಗುವುದು ಶನಿವಾರ. ಅದು ತೆರೆದು ಕೂರುವ ಭಾನುವಾರ ಈ ಮನೆಯವರಿಗೆ ಬೇಕಾದದ್ದು ಬೇರೆ.

ಆ ಬೇರೆಯದಕ್ಕೆ ಕೋಷರ್ ಕಸಾಯಿ ಅಂಗಡಿ ಹೊಂದುವುದಿಲ್ಲ. ಯುಗಾದಿಯ ಮಾರನೆಯ ವರ್ಷತೊಡಕಿಗೆ ಮಂಡ್ಯದಲ್ಲಿ ಗುಡ್ಡೆ ಬಾಡು ಹಾಕುತ್ತಾರೆ. ತೊಡೆ, ತಲೆ, ಕಾಲು, ಬೋಟಿ, ಈಲಿ ಎಲ್ಲವೂ ಎಲ್ಲ ಗುಡ್ಡೆಗೂ ಸಮನಾಗಿ ಬೀಳಬೇಕು. ಕೋಷರ್ ಅಂಗಡಿಯಲ್ಲಿ ರಕ್ತ ನಿಷಿದ್ಧ, ಮಾಂಸವನ್ನು ನೆನೆಸಿ ಉಪ್ಪು ಹಚ್ಚಿ ರಕ್ತ ಬಸಿದಿರುತ್ತಾರೆ. ಹಿಂದೊಡೆಯ ನರ ತೆಗೆಯುವುದು ಕಷ್ಟವೆಂದು ಅಮೆರಿಕದಲ್ಲಿ ಹಿಂಭಾಗವನ್ನು ಬಹುತೇಕ ಮಾರುವುದೇ ಇಲ್ಲ. ರಕ್ತವಿಲ್ಲದ, ತೊಡೆಯಿಲ್ಲದ ಮರಿಗೆ ಗುಡ್ಡೆ ಹಾಕುವುದು ಹೇಗೆ? ಹೊರನಾಡ ವರ್ಷತೊಡಕು ಹಲಾಲ್ ಅಂಗಡಿಯಲ್ಲೇ ನಡೆಯುತ್ತದೆ.

ಉಳಿದದ್ದು ಮದ್ದೂರು ವಡೆ. ತಾಯಿಯ ಸೂಟ್‌ಕೇಸಿನಲ್ಲಿ ಪೇಪರು ಸುತ್ತಿ ಬರುವ ಈ ತಿಂಡಿಗೆ ಹಸಿರು ಚುಕ್ಕೆಯೂ ಇಲ್ಲ, ರಬ್ಬಿಯ ಮುದ್ರೆಯೂ ಇಲ್ಲ. ಹಸಿ ಕರಿಬೇವಿನ ಸೊಪ್ಪಿಗೆ ಅಮೆರಿಕದ ವಿಮಾನ ನಿಲ್ದಾಣದಲ್ಲಿ ಪ್ರವೇಶವಿಲ್ಲ. ಕಿತ್ತಳೆ, ನಿಂಬೆ ಜಾತಿಯ ಗಿಡಗಳ ರೋಗ ಅದರ ಜೊತೆ ಬರುತ್ತದೆಂಬ ಭಯ. ವಡೆಯೊಳಗೆ ಕರಿದು ಕಪ್ಪಾದ ಕರಿಬೇವು ಮಾತ್ರ ದಾಟಿಬರುತ್ತದೆ. ಅಕ್ಕಿಹಿಟ್ಟು, ರವೆ, ಮೈದಾ, ಹಸಿಮೆಣಸಿನಕಾಯಿ ಇವುಗಳಿಗೆ ಯಾವ ಶಾಸ್ತ್ರದ ಅಡ್ಡಿಯೂ ಇಲ್ಲ. ಕಲಸುವಾಗ ಬಿಸಿ ಎಣ್ಣೆ ಹಾಕಿದ್ದರೆ ಪಾರೆವ್, ಬೆಣ್ಣೆ ಅಥವಾ ತುಪ್ಪ ಹಾಕಿದ್ದರೆ ‘ಡಿ’. ಗಂಟು ಇರುವುದು ಈರುಳ್ಳಿಯಲ್ಲಿ. ಖಾರದ, ಘಾಟಿನ ಪದಾರ್ಥ ಚಾಕುವಿನ ರುಚಿಯನ್ನು ಎಳೆದುಕೊಳ್ಳುತ್ತದೆ ಎಂಬುದು ಕೋಷರ್ ನಿಯಮ. ಮಾಂಸದ ಚಾಕುವಿನಲ್ಲಿ ಹೆಚ್ಚಿದ ಈರುಳ್ಳಿ ಮಾಂಸದ ಲೆಕ್ಕಕ್ಕೇ ಸೇರುತ್ತದೆ. ಆದ್ದರಿಂದ ವಡೆಯ ಬಗ್ಗೆ ರಬ್ಬಿ ಕೇಳುವ ಮೊದಲ ಪ್ರಶ್ನೆ, ಈರುಳ್ಳಿ ಹೆಚ್ಚಿದ ಚಾಕು ಯಾವುದು ಎಂದು. ತಂದ ವಡೆ ಮುಗಿದು, ಶನಿವಾರ ಸಂಜೆ ಮಗನ ಅಡುಗೆಮನೆಯಲ್ಲಿ ಹೊಸದಾಗಿ ಹಿಟ್ಟು ಕಲಸಲು ನಿಂತ ತಾಯಿಯೂ ಅದನ್ನೇ ಕೇಳುತ್ತಾಳೆ: ‘ನಿನ್ನೆ ಬಾಡು ಕೂದಿದ್ದು ಯಾವ ಚಾಕ್ನಲ್ಲಿ?’ ಮಗ ಸಿಂಕಿನ ಕಡೆ ನೋಡುತ್ತಾನೆ. ಆ ಮನೆಯಲ್ಲಿರುವುದು ಒಂದೇ ಚಾಕು.