ಒಂದು ಕ್ಯಾಲೆಂಡರು, 800 ವ್ಯಾಟ್

ನಮ್ಮ ಮನೆಯ ಗೋಡೆಗಳು ಇವತ್ತಿನವರೆಗೆ ನನ್ನನ್ನು ಕೇಳಿಕೊಂಡದ್ದು ಬಹಳ ಕಡಿಮೆ. ಒಂದು ಗಡಿಯಾರ, ಒಂಟಿಕೊಪ್ಪಲ್ ಪಂಚಾಂಗದ ಕ್ಯಾಲೆಂಡರು, ಮದುವೆ ಫೋಟೊ, ಎರಡು ಕರ್ಟನ್ ರಾಡು, ಬಚ್ಚಲಲ್ಲಿ ಟವೆಲ್ ಹಾಕಲು ಒಂದು ಕಂಬಿ. ಇವಿಷ್ಟರ ಸೇವೆಗಾಗಿ ಅಟ್ಟದ ಮೇಲೆ ಸನ್ನದ್ಧವಾಗಿ ಕೂತಿರುವ ಪಡೆ ಮಾತ್ರ ಸಣ್ಣದಲ್ಲ. ಕಾಂಕ್ರೀಟಿನಲ್ಲಿ 26 ಎಂ.ಎಂ.ವರೆಗೆ ತೂತು ಕೊರೆಯುವ 800 ವ್ಯಾಟಿನ ರೋಟರಿ ಹ್ಯಾಮರು, ನಿಮಿಷಕ್ಕೆ 11 ಸಾವಿರ ಸುತ್ತು ತಿರುಗುವ ನಾಲ್ಕಿಂಚಿನ ಗ್ರೈಂಡರು, ಗ್ರಾನೈಟು ಕೊಯ್ಯುವ ಕಟಿಂಗ್ ಮಿಷನ್ನು. ಈ ಕೊನೆಯದರ ಪೆಟ್ಟಿಗೆಯೊಳಗಿನ ಥರ್ಮಾಕೋಲು ಇನ್ನೂ ಮುಕ್ಕಾಗಿಲ್ಲ. ಇವುಗಳ ಯೋಗ್ಯತೆಗೆ ತಕ್ಕ ಕೆಲಸ ಕೊಡಬೇಕೆಂದರೆ ನಾನು ಹೊಸ ಮನೆ ಕಟ್ಟಬೇಕು, ಇಲ್ಲವೇ ಇರುವ ಮನೆಯನ್ನು ಕೆಡವಬೇಕು. ಅವು ಎರಡಕ್ಕೂ ಸಿದ್ಧ. ಅಡ್ಡ ಬಂದಿರುವುದು ಬ್ಯಾಂಕಿನ ಸಾಲ ಮತ್ತು ಹೆಂಡತಿ.

ಇದರಲ್ಲಿ ಅರ್ಧ ತಪ್ಪು ಗೋಡೆಯದು ಎಂಬುದು ನನ್ನ ವಾದ. ನಮ್ಮಪ್ಪನ ಕಾಲದಲ್ಲಿ ಮನೆಯ ಸಕಲ ಸಲಕರಣೆಗಳೂ ಒಂದು ಬೋರ್ನ್‌ವಿಟಾ ಡಬ್ಬಿಯೊಳಗೆ ಹಿಡಿಯುತ್ತಿದ್ದವು. ಅಳತೆಗೊಂದರಂತೆ ಮೊಳೆಗಳು, ಒಂದು ಕಟಿಂಗ್ ಪ್ಲೇಯರು, ಹಳದಿ ಹಿಡಿಯ ಒಂದು ಸ್ಕ್ರೂಡ್ರೈವರು, ಒಂದು ಟೆಸ್ಟರು. ಸುತ್ತಿಗೆ ಡಬ್ಬಿಯಲ್ಲಿ ಹಿಡಿಯದ ಕಾರಣ ಸದಾ ಕಳೆದುಹೋಗಿರುತ್ತಿತ್ತು. ಅಜ್ಜಿಯ ಕುಟ್ಟಾಣಿ ಆ ಸ್ಥಾನದಲ್ಲಿ ನಿಂತು ಕೆಲಸ ಮಾಡುತ್ತಿತ್ತು. ಇಟ್ಟಿಗೆ ಗಾರೆಯ ಗೋಡೆ, ನಾಲ್ಕು ಏಟಿಗೆ ಮೊಳೆಯನ್ನು ಒಳಗೆ ಕರೆದುಕೊಳ್ಳುತ್ತಿತ್ತು. ಈಗಿನ ಗೋಡೆ ಸಾಲಿಡ್ ಬ್ಲಾಕಿನದು, ಮೂಲೆಮೂಲೆಗೆ ಕಾಂಕ್ರೀಟಿನ ಕಂಬ. ಮೊಳೆ ಅದರ ಮುಖ ನೋಡಿದ ಕೂಡಲೇ ಸೊಂಟ ಬಗ್ಗಿಸುತ್ತದೆ. ಹಾಗಾಗಿ ತೂತು ಕೊರೆಯಬೇಕು, ತೂತಿಗೆ ಪ್ಲಗ್ಗು ಹೊಡೆಯಬೇಕು, ಪ್ಲಗ್ಗಿಗೆ ಸ್ಕ್ರೂ ತಿರುಗಿಸಬೇಕು. ಹಿಂದೆ ಎಲೆಕ್ಟ್ರಿಷಿಯನ್ನರು ಗೋಡೆಯಲ್ಲಿ ಗುಂಡಿ ತೋಡಿ ಮರದ ತುಂಡನ್ನು ಸಿಮೆಂಟಿನಲ್ಲಿ ಕೂರಿಸಿ, ಅದು ಒಣಗುವವರೆಗೆ ಕಾಫಿ ಕುಡಿಯುತ್ತಿದ್ದರು. ಜರ್ಮನಿಯ ಆರ್ಟುರ್ ಫಿಷರ್ ಎಂಬ ಮಹಾನುಭಾವ 1958ರಲ್ಲಿ ನೈಲಾನಿನ ಪ್ಲಗ್ಗು ಕಂಡುಹಿಡಿದ. ಸಾವಿರಕ್ಕೂ ಹೆಚ್ಚು ಪೇಟೆಂಟು ಪಡೆದ ಆ ಪುಣ್ಯಾತ್ಮ ಜಗತ್ತಿನ ಗೋಡೆಗಳಿಗೆ ಮಾಡಿದ ಉಪಕಾರ ಅಷ್ಟಿಷ್ಟಲ್ಲ. ಆದರೆ ಕ್ಯಾಲೆಂಡರಿಗೆ ಬೇಕಾದ ಪ್ಲಗ್ಗು ಕೇಳುವುದು ಆರು ಎಂ.ಎಂ. ತೂತು ಮಾತ್ರ. ಅಷ್ಟಕ್ಕೆ ಮಾಮೂಲಿ 500 ವ್ಯಾಟಿನ ಇಂಪ್ಯಾಕ್ಟ್ ಡ್ರಿಲ್ಲು ಧಾರಾಳ ಸಾಕು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೇ ಎಸ್.ಜೆ.ಪಿ. ರಸ್ತೆಗೆ ಹೋದೆ.

ಟೌನ್ ಹಾಲ್ ಕಡೆಯಿಂದ ಆ ರಸ್ತೆಗೆ ಇಳಿದವನಿಗೆ ತಾನು ಗುಮಾಸ್ತ, ಮೇಷ್ಟ್ರು ಎಂಬುದೆಲ್ಲ ಮರೆತುಹೋಗುತ್ತದೆ. ಎರಡೂ ಕಡೆ ಚೈನು, ಪುಲ್ಲಿ, ಪಂಪು, ಬೇರಿಂಗು. ನಾನು ಹೊಕ್ಕ ಅಂಗಡಿಯಲ್ಲಿ ನನಗಿಂತ ಮುಂಚೆ ಒಬ್ಬ ಕಾಂಟ್ರಾಕ್ಟರು ನಿಂತಿದ್ದ. ಕಿವಿಯ ಮೇಲೆ ಪೆನ್ಸಿಲ್ಲು, ಅಂಗಿಯ ಮೇಲೆ ಸಿಮೆಂಟು. ಅವನು ತನ್ನ ಬಿಟ್ಟುಗಳನ್ನು ಅಕ್ಕಿ ಕೊಳ್ಳುವವನ ಹಾಗೆ ಕೈಯಲ್ಲಾಡಿಸಿ ನೋಡಿ ಕೊಳ್ಳುತ್ತಿದ್ದ. ಅಂಗಡಿಯವನು ನನ್ನ ಕಡೆ ತಿರುಗಿ, “ಏನ್ ಕೆಲಸ ಸಾರ್?” ಎಂದ. ಕಾಂಟ್ರಾಕ್ಟರೂ ತಿರುಗಿದ. ಆ ಇಬ್ಬರ ಎದುರು “ಕ್ಯಾಲೆಂಡರು ನೇತುಹಾಕಬೇಕು” ಎನ್ನುವ ಧೈರ್ಯ ಯಾವ ಗಂಡಸಿಗಿದೆ?

“ಕಾಂಕ್ರೀಟ್ ಕೆಲಸ ಸ್ವಲ್ಪ ಜಾಸ್ತಿ” ಎಂದೆ.

“ಹಾಗಾದ್ರೆ ಡ್ರಿಲ್ ಬೇಡ ಸಾರ್, ಹ್ಯಾಮರೇ ತಗೊಳ್ಳಿ.” ಕಾಂಟ್ರಾಕ್ಟರು ತಲೆಯಾಡಿಸಿದ. ಅಲ್ಲಿಗೆ ವ್ಯವಹಾರ ಮುಗಿದಂತೆಯೇ.

ವ್ಯತ್ಯಾಸವನ್ನು ಅಂಗಡಿಯವನು ಚೆನ್ನಾಗಿಯೇ ವಿವರಿಸಿದ. ಇಂಪ್ಯಾಕ್ಟ್ ಡ್ರಿಲ್ಲಿನೊಳಗೆ ಹಲ್ಲಿರುವ ಎರಡು ಬಿಲ್ಲೆಗಳು ಒಂದರ ಮೇಲೊಂದು ಕರಕರನೆ ಉಜ್ಜಿ ಬಿಟ್ಟನ್ನು ಅದುರಿಸುತ್ತವೆ. ಒತ್ತುವ ಕೆಲಸ ನಮ್ಮದು. ರೋಟರಿ ಹ್ಯಾಮರಿನಲ್ಲಿ ಒಂದು ಪಿಸ್ಟನ್ನು ಗಾಳಿಯನ್ನು ಅದುಮುತ್ತದೆ, ಅದುಮಿದ ಗಾಳಿ ಒಂದು ಗುಂಡನ್ನು ಎತ್ತಿ ಬಿಟ್ಟಿನ ಬೆನ್ನಿಗೆ ಹೊಡೆಯುತ್ತದೆ. ನಾವು ಹಿಡಿದುಕೊಂಡಿದ್ದರೆ ಆಯಿತು, ಒಳಗೆ ಹೋಗುವುದು ಅದರ ಪಾಡು. ಬಾಗಿಲಲ್ಲಿ ಜೇನುಗೂಡಿನಂತಾಗಿದ್ದ ಒಂದು ಕಾಂಕ್ರೀಟ್ ತುಂಡಿನ ಮೇಲೆ ಪ್ರಯೋಗವೂ ಆಯಿತು. ಒಂದೊಂದು ಪೆಟ್ಟಿನ ಶಕ್ತಿ 2.7 ಜೂಲ್ ಎಂದು ಪೆಟ್ಟಿಗೆಯ ಮೇಲೆ ಬರೆದಿತ್ತು. ಮನೆಗೆ ಬಂದು ಲೆಕ್ಕ ಹಾಕಿದೆ. ಅರ್ಧ ಕೆ.ಜಿ.ಯ ಸುಲಿದ ತೆಂಗಿನಕಾಯಿ ಅರ್ಧ ಮೀಟರು ಮೇಲಿನಿಂದ ಬಿದ್ದರೆ ಹೆಚ್ಚುಕಡಿಮೆ ಎರಡೂವರೆ ಜೂಲ್. ಅಂದರೆ ಈ ಯಂತ್ರ ಒಂದೇ ಜಾಗಕ್ಕೆ ನಿಮಿಷಕ್ಕೆ ನಾಲ್ಕು ಸಾವಿರ ಈಡುಗಾಯಿ ಒಡೆಯುತ್ತದೆ. ಇಷ್ಟು ಸೇವೆ ಯಾವ ಗಣಪತಿಗೂ ಸಂದಿರಲಾರದು. ನಮ್ಮ ಹಾಲಿನ ಗೋಡೆಗೆ ಸಂದಿತು. ಗೋಡೆ ನಾಲ್ಕಿಂಚಿನದು, ಬಿಟ್ಟು ಅದಕ್ಕಿಂತ ಉದ್ದದ್ದು. ಒಗ್ಗರಣೆ ಹಾಕುತ್ತಿದ್ದ ನನ್ನ ಹೆಂಡತಿ ಎದುರಿನ ಗೋಡೆಯಿಂದ ಏನೋ ಇಣುಕುತ್ತಿರುವುದನ್ನು ಕಂಡು, ಕಿರುಚದೆ, ಒಲೆ ಸಣ್ಣ ಮಾಡಿ ಹೊರಗೆ ಬಂದು, “ಬಂತು, ಸಾಕು ನಿಲ್ಸಿ” ಎಂದಳು. ಆಮೇಲೆ ಅಡುಗೆಮನೆಯ ಆ ತೂತಿಗೂ ಒಂದು ಕ್ಯಾಲೆಂಡರು ಬಂತು.

ಇಷ್ಟಕ್ಕೆಲ್ಲ ಮೂಲ ಆ ಟ್ರಿಗರು ಎಂದು ನನ್ನ ಅನುಮಾನ. ಕೈಯಲ್ಲಿ ಹಿಡಿಯುವ ವಿದ್ಯುತ್ ಡ್ರಿಲ್ಲನ್ನು 1895ರಲ್ಲೇ ಸ್ಟುಟ್‌ಗಾರ್ಟಿನ ಫೈನ್ ಕಂಪನಿ ಮಾಡಿತ್ತು. ಆದರೆ ಅದಕ್ಕೆ ಪಿಸ್ತೂಲಿನ ಹಿಡಿ, ಪಿಸ್ತೂಲಿನ ಕುದುರೆ ಇಟ್ಟವರು ಅಮೆರಿಕದ ಬ್ಲ್ಯಾಕ್ ಮತ್ತು ಡೆಕರ್. ಪೇಟೆಂಟು ಸಿಕ್ಕಿದ್ದು 1917ರಲ್ಲಿ. ಕೆಲಸಗಾರನ ಅನುಕೂಲಕ್ಕೆ ಮಾಡಿದ ಆ ಬದಲಾವಣೆ ಕೆಲಸವಿಲ್ಲದವನ ತಲೆ ಕೆಡಿಸಿತು. ಬಡಗಿಯ ಬೈರಿಗೆ ಹಿಡಿದು ಯಾವ ಗಂಡಸೂ ಕನ್ನಡಿಯ ಮುಂದೆ ನಿಂತದ್ದನ್ನು ನಾನು ಕಂಡಿಲ್ಲ. ಡ್ರಿಲ್ಲು ಕೈಗೆ ಬಂದವನು ಕರೆಂಟಿನ ಪ್ಲಗ್ಗು ಚುಚ್ಚದೆಯೇ ಒಮ್ಮೆ ಗಾಳಿಗೆ ಗುರಿಯಿಟ್ಟು ನೋಡಿಯೇ ನೋಡುತ್ತಾನೆ.

ನಾನಾದರೂ ಅಲ್ಲಿಗೆ ನಿಲ್ಲುತ್ತಿದ್ದೆನೋ ಏನೋ, ಆದರೆ ನನಗೊಬ್ಬ ಷಡ್ಡಕರಿದ್ದಾರೆ. ಮೈಸೂರಿನ ಕುವೆಂಪುನಗರದಲ್ಲಿ ಸ್ವಂತ ಮನೆ, ನಿವೃತ್ತ ಜೀವನ. ನನ್ನ ಹೆಂಡತಿ ಅವರನ್ನು ಭಾವ ಅನ್ನುತ್ತಾಳೆ, ನಾನೂ ಹಾಗೇ ಅನ್ನುತ್ತೇನೆ. ನನ್ನ ಹ್ಯಾಮರನ್ನು ಅವರು ಕೈಯಲ್ಲಿ ತೂಗಿ ನೋಡಿ “ಭಾರ ಇದೆ” ಎಂದಷ್ಟೇ ಹೇಳಿ ಊರಿಗೆ ಹೋದರು. ಮುಂದಿನ ಸಲ ನಾವು ಹೋದಾಗ ಅವರ ಸ್ಕೂಟರಿನ ಪಕ್ಕ ಒಂದು ಪ್ರೆಶರ್ ವಾಷರು ನಿಂತಿತ್ತು. 120 ಬಾರ್ ಒತ್ತಡ. ಕಾರಿನ ಟೈರಿನಲ್ಲಿರುವುದೇ ಎರಡು ಬಾರ್ ಚಿಲ್ಲರೆ. ತೊಳೆಯುವುದನ್ನು ನಮಗೆ ತೋರಿಸಲೆಂದೇ ಸ್ಕೂಟರನ್ನು ಕೊಳೆ ಬಿಟ್ಟು ಇಟ್ಟಿದ್ದರು. ನೀರು ಹೊಡೆದ ಬಿರುಸಿಗೆ ಮಣ್ಣು ಹೋಯಿತು, ಮಣ್ಣಿನ ಹಿಂದೆ ಮಡ್‌ಗಾರ್ಡಿನ ಬಣ್ಣ ಸ್ವಲ್ಪ ಹೋಯಿತು, ‘ಶ್ರೀ ಚಾಮುಂಡೇಶ್ವರಿ ಕೃಪೆ’ ಎಂದಿದ್ದ ಸ್ಟಿಕ್ಕರಿನಿಂದ ಕೃಪೆ ಮಾತ್ರ ಹಾರಿ ತುಳಸಿಕಟ್ಟೆಯ ಮೇಲೆ ಬಿತ್ತು.

ನಾನು ಗ್ರೈಂಡರು ತಂದೆ. ಅವರು 200 ಆಂಪಿಯರಿನ ವೆಲ್ಡಿಂಗ್ ಸೆಟ್ಟು ತಂದರು. ಬಟ್ಟೆ ಒಣಹಾಕುವ ಸ್ಟ್ಯಾಂಡಿನ ಒಂದು ಕಾಲು ಅಲ್ಲಾಡುತ್ತಿತ್ತಂತೆ. ಆ ಪೈಪು ಎಷ್ಟು ತೆಳುವೆಂದರೆ ಬೆಸುಗೆ ಕೂರುವ ಮೊದಲೇ ಕರಗಿ ಇಳಿಯಿತು. ಸ್ಟ್ಯಾಂಡಿಗೆ ಈಗ ಮೂರೇ ಕಾಲು. ಬೆಸುಗೆ ಮಾತ್ರ ಭದ್ರವಾಗಿದೆ ಎನ್ನುತ್ತಾರೆ ಭಾವ. ಯಾವುದು ಯಾವುದಕ್ಕೆ ಅಂಟಿದೆ ಎಂದು ನಾವು ಕೇಳಲು ಹೋಗಲಿಲ್ಲ. ಮುಖವಾಡ ಹಾಕಿಕೊಂಡೇ ಗೇಟು ತೆಗೆದರೆಂದು ಹಾಲಿನವನು ಪ್ಯಾಕೆಟ್ಟು ಕಾಂಪೌಂಡಿನ ಮೇಲಿಟ್ಟು ಹಿಂದಕ್ಕೆ ನಡೆದನಂತೆ.

ಅಕ್ಕತಂಗಿಯರ ಫೋನು ಇಂಥ ದಿನಗಳಲ್ಲಿ ರಾತ್ರಿ ಬರುತ್ತದೆ.

“ಏನ್ ಬಂತೇ ನಿಮ್ಮನೇಗೆ?”

“ಕಲ್ಲು ಕೊಯ್ಯೋದು ಕಣಕ್ಕ. ನಿಮ್ಮನೇಲಿ?”

“ಬೆಂಕಿ ಹಾರಿಸೋದು.”

“ನಮ್ಮದೇ ವಾಸಿ ಬಿಡು. ಒಗೆಯೋ ಕಲ್ಲು ಬಿಟ್ರೆ ಮನೇಲಿ ಬೇರೆ ಕಲ್ಲಿಲ್ಲ.”

ಇದರ ನಡುವೆ ನಮ್ಮ ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಲೇ ಇದೆ. ಅದಕ್ಕೆ ಬೇಕಾದ್ದು ಒಂದು ವಾಷರ್ರು. ವಾಷರ್ರಿಗೆ ಮೋಟಾರಿಲ್ಲ, ವ್ಯಾಟಿಲ್ಲ, ಗ್ಯಾರಂಟಿ ಕಾರ್ಡಿಲ್ಲ. ಅದನ್ನು ತರಲು ಎಸ್.ಜೆ.ಪಿ. ರಸ್ತೆಗೆ ಹೋಗಬೇಕಾಗಿಲ್ಲ. ಬಹುಶಃ ಅದಕ್ಕೇ ಇನ್ನೂ ಬಂದಿಲ್ಲ.

ನನ್ನ ಪಡೆ ವರ್ಷಕ್ಕೊಮ್ಮೆಯಾದರೂ ಅಟ್ಟದಿಂದ ಇಳಿಯುವುದು ಆಯುಧಪೂಜೆಯ ದಿನ. ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಜೋಡಿಸಿ, ವೈರುಗಳನ್ನು ಸುತ್ತಿ, ಬಟ್ಟೆಯಲ್ಲಿ ಒರೆಸುತ್ತೇನೆ. ಹೆಂಡತಿ ಎಲ್ಲಕ್ಕೂ ಅರಿಶಿನ ಕುಂಕುಮ ಇಟ್ಟು ಸೇವಂತಿಗೆ ಏರಿಸುತ್ತಾಳೆ. ಸಾಲಿನ ತುದಿಯಲ್ಲಿ ಅವಳ ಈಳಿಗೆಮಣೆ, ಚಾಕು, ಮಿಕ್ಸಿ. ಆ ಮಿಕ್ಸಿಯದು 750 ವ್ಯಾಟು, ನನ್ನ ಹ್ಯಾಮರಿಗಿಂತ ಬರೇ 50 ಕಡಿಮೆ. ದಿನಾ ಬೆಳಗ್ಗೆ ಚಟ್ನಿ, ಮಧ್ಯಾಹ್ನ ಹುಳಿಗೆ ರುಬ್ಬಿದ್ದು, ನಡುನಡುವೆ ಸಾರಿನ ಪುಡಿ. ಅದರ ಮುಚ್ಚಳ ಬಿರುಕು ಬಿಟ್ಟಿದೆ, ಜಾರಿನ ಹಿಡಿಗೆ ಟೇಪು ಸುತ್ತಿದೆ. ಪಕ್ಕದಲ್ಲೇ ಮೈಮೇಲೆ ಒಂದು ಗೀರೂ ಇಲ್ಲದೆ ಫಳಫಳಿಸುವ ನನ್ನ ಹ್ಯಾಮರು. ಕುಂಬಳಕಾಯಿ ಒಡೆಯುವ ಹೊತ್ತಿಗೆ ಮಿಕ್ಸಿಯನ್ನು ಸಾಲಿನಿಂದ ಎತ್ತಿಕೊಂಡು ಹೋದಳು. ಪೂಜೆಯ ದಿನ ಆಯುಧ ಮುಟ್ಟಬಾರದಲ್ಲವೇ ಎಂದೆ. “ಇದು ಆಯುಧ ಅಲ್ಲ, ಕೆಲಸದ್ದು” ಎಂದಳು.

ಭಾವ ಕಳೆದ ಬೇಸಿಗೆಯಲ್ಲಿ ಸ್ನೇಹಿತರೊಬ್ಬರ ಕಾಫಿ ತೋಟಕ್ಕೆಂದು ಸಕಲೇಶಪುರದ ಕಡೆ ಹೋಗಿದ್ದರು. ಅಲ್ಲಿ ಏನು ನೋಡಿದರೋ, ಬಂದವರೇ ಪೆಟ್ರೋಲಿನ ಮರ ಕೊಯ್ಯುವ ಮಿಷನ್ನು ಕೊಂಡರು. ಅವರ ಹಿತ್ತಲಲ್ಲಿರುವುದು ಒಂದು ಕರಿಬೇವು, ಅದೂ ಎಳೆಯದು. ಬೀದಿಯ ಮರಗಳ ಮೇಲೆ ಅವರಿಗೆ ಕಣ್ಣಿತ್ತು. ಆದರೆ 1976ರ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ ಅಧಿಕಾರಿಯ ಅನುಮತಿಯಿಲ್ಲದೆ ಮರ ಕಡಿಯುವಂತಿಲ್ಲವೆಂದು ನಾನೇ ತಿಳಿಸಿದೆ. ಆ ಸಂತೋಷವನ್ನಾದರೂ ನಾನು ಬಿಟ್ಟುಕೊಡುವವನಲ್ಲ. ಅಂದಿನಿಂದ ಅವರಿಗೆ ತಾನಾಗಿಯೇ ಬಿದ್ದ ಮರದ ಧ್ಯಾನ.

ಮೊನ್ನೆ ಬೆಂಗಳೂರಿನಲ್ಲಿ ಗಾಳಿಮಳೆ. ಮಳೆ ನಿಂತ ಮೇಲೆ ಒಬ್ಬೊಬ್ಬರೇ ಬಂಧುಗಳು ಫೋನು ಮಾಡಿ ಮನೆಗೆ ನೀರು ನುಗ್ಗಿತಾ, ಕರೆಂಟು ಇದೆಯಾ ಎಂದು ವಿಚಾರಿಸಿದರು. ಭಾವನದು ಒಂದೇ ಪ್ರಶ್ನೆ. “ಮರ ಏನಾದ್ರೂ ಬಿತ್ತಾ?”

ಬಾಲ್ಕನಿಗೆ ಹೋಗಿ ನೋಡಿದೆ. “ಬಿದ್ದಿಲ್ಲ ಭಾವ. ಎದುರಿಗಿರೋ ಹೊಂಗೇದು ಒಂದು ಕೊಂಬೆ ಮುರಿದು ಜೋತಾಡ್ತಿದೆ.”

“ಪಾಲಿಕೆಯವರು ಬಂದ್ರಾ?”

“ಇನ್ನೂ ಇಲ್ಲ.”

“ಅವರು ಬರೋದರೊಳಗೆ ನಾನು ಬೆಳಗಿನ ರೈಲು ಹಿಡೀತೀನಿ. ಪೆಟ್ರೋಲ್ ಖಾಲಿ ಮಾಡಿ ತರ್ತೀನಿ, ನೀವು ಅಲ್ಲಿ ಒಂದು ಲೀಟರ್ ಹಾಕಿಸಿಟ್ಟಿರಿ. ಕೊಂಬೆ ಎಷ್ಟು ದಪ್ಪ ಇದೆ?”

ಅಷ್ಟು ದೂರದಿಂದ ಬರುವವರನ್ನು ನಿರಾಸೆಪಡಿಸಲು ಮನಸ್ಸಾಗಲಿಲ್ಲ. “ತೊಡೆ ಗಾತ್ರ ಇದೆ ಭಾವ” ಎಂದೆ.

“ಯಾರ ತೊಡೆ? ನಿಮ್ಮದಾ, ನನ್ನದಾ?”

ನಾನು ಉತ್ತರಿಸುವ ಮೊದಲೇ ಹಿಂದಿನಿಂದ ಹೆಂಡತಿಯ ದನಿ ಬಂತು. “ಕೋಳೀದು ಅಂತ ಹೇಳ್ರೀ.”